ನಿಂತ ಮಾಸಾಶನ, ಬಾರದ ಪರಿಹಾರ: ಹಣ ಎಲ್ಲಿ ಸಿಕ್ಕಿಕೊಂಡಿದೆ ಎಂದು ಮೊದಲು ಹುಡುಕಿ

ವೃದ್ಧಾಪ್ಯ, ವಿಧವಾ ಮತ್ತು ಅಂಗವಿಕಲರ ಮಾಸಾಶನ ಪಡೆಯುವವರು ಹಾಗೂ ಅವರ ಮನೆಯವರು ಕಳಿಸಿದ ಪ್ರಶ್ನೆಗಳಲ್ಲಿ ಐದನ್ನು ಇಲ್ಲಿ ಆಯ್ದುಕೊಂಡಿದ್ದೇವೆ.

ಪ್ರಶ್ನೆ: ನಮ್ಮ ತಾಯಿಗೆ 71 ವರ್ಷ. ಸಂಧ್ಯಾ ಸುರಕ್ಷಾ ಪಗಾರ ತಿಂಗಳಿಗೆ 1200 ರೂಪಾಯಿ ಬರುತ್ತಿತ್ತು, ಈಗ ನಾಲ್ಕು ತಿಂಗಳಿಂದ ಇಲ್ಲ. ಬ್ಯಾಂಕಿನವರು ‘ಆಧಾರ್ ಲಿಂಕ್ ಆಗಿದೆ, ಸರ್ಕಾರದಿಂದಲೇ ಬಂದಿಲ್ಲ’ ಅಂತಾರೆ. ನಾಡಕಚೇರಿಯವರು ‘ನಮ್ಮಿಂದ ಹೋಗಿದೆ, ಬ್ಯಾಂಕಿನಲ್ಲೇ ಕೇಳಿ’ ಅಂತಾರೆ. ಹೊಸದಾಗಿ ಅರ್ಜಿ ಹಾಕಿಬಿಡಲೇ? (ಹಾವೇರಿ ಜಿಲ್ಲೆ)

ಉತ್ತರ: ಹೊಸ ಅರ್ಜಿ ಹಾಕಬೇಡಿ. ನಿಮ್ಮ ತಾಯಿಯ ಆಧಾರ್ ಸಂಖ್ಯೆ ಈಗಾಗಲೇ ಪಿಂಚಣಿ ದಾಖಲೆಯಲ್ಲಿರುವುದರಿಂದ ಹೊಸ ಅರ್ಜಿ ತಿರಸ್ಕೃತವಾಗುವ ಸಂಭವವೇ ಹೆಚ್ಚು. ಹಳೆಯ ಮಂಜೂರಾತಿ ಆದೇಶವನ್ನು ಕೈಬಿಟ್ಟರೆ ನಿಂತ ತಿಂಗಳುಗಳ ಬಾಕಿ ಕೇಳುವುದೂ ಕಷ್ಟವಾಗುತ್ತದೆ.

ಬ್ಯಾಂಕಿನವರು, ನಾಡಕಚೇರಿಯವರು ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು. ಬ್ಯಾಂಕಿನಲ್ಲಿ ಆಧಾರ್ ಎರಡು ರೀತಿಯಲ್ಲಿ ಜೋಡಣೆಯಾಗುತ್ತದೆ. ಗುರುತಿನ ದಾಖಲೆಯಾಗಿ, ಅಂದರೆ ಕೆವೈಸಿಗಾಗಿ ಖಾತೆಗೆ ಸೇರಿಸುವುದು ಒಂದು. ಸರ್ಕಾರದ ಹಣ ಈ ಬ್ಯಾಂಕಿಗೇ ಬರಲಿ ಎಂದು ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಯಲ್ಲಿ ನಮೂದಿಸುವುದು ಇನ್ನೊಂದು. ಕೌಂಟರಿನಲ್ಲಿ ‘ಲಿಂಕ್ ಆಗಿದೆ’ ಎಂದಾಗ ಬಹಳ ಸಲ ಅವರು ನೋಡಿ ಹೇಳುವುದು ಮೊದಲನೆಯದನ್ನು. ಮಾಸಾಶನಕ್ಕೆ ಬೇಕಾದದ್ದು ಎರಡನೆಯದು. ಆ ಪಟ್ಟಿಯಲ್ಲಿ ಒಂದು ಆಧಾರ್ ಸಂಖ್ಯೆಗೆ ಒಂದೇ ಬ್ಯಾಂಕ್ ಇರಲು ಸಾಧ್ಯ. ಕೊನೆಯದಾಗಿ ಯಾವ ಬ್ಯಾಂಕ್ ನಮೂದಾಗಿದೆಯೋ ಹಣ ಅಲ್ಲಿಗೇ ಹೋಗುತ್ತದೆ, ಪಾಸ್‌ಬುಕ್ ಯಾವುದು ಕೈಯಲ್ಲಿದ್ದರೂ ಸರಿ.

ಹೀಗಾಗಿ ಮೊದಲು ಕೇಳಬೇಕಾದದ್ದು: ಈ ನಾಲ್ಕೈದು ತಿಂಗಳಲ್ಲಿ ತಾಯಿ ಎಲ್ಲಾದರೂ ಹೆಬ್ಬೆಟ್ಟು ಒತ್ತಿ ಹೊಸ ಖಾತೆ ತೆರೆದಿದ್ದಾರೆಯೇ? ಅಂಚೆಯಣ್ಣ ಮನೆಗೆ ಬಂದು ತೆರೆದುಕೊಟ್ಟ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಖಾತೆ, ಸಂಘದ ಸಾಲಕ್ಕೆಂದು ತೆರೆದ ಖಾತೆ, ಮೊಬೈಲ್ ಅಂಗಡಿಯಲ್ಲಿ ಸಿಮ್ ಜೊತೆಗೆ ತೆರೆದ ಖಾತೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. 2017ರಲ್ಲಿ ದೇಶದ ಲಕ್ಷಾಂತರ ಮನೆಗಳ ಅಡುಗೆ ಅನಿಲದ ಸಬ್ಸಿಡಿ ಇದೇ ರೀತಿ ಅವರಿಗೇ ಗೊತ್ತಿಲ್ಲದ ಖಾತೆಗಳಿಗೆ ಜಮೆಯಾಗಿತ್ತು. ಹಣ ಕಳೆದಿರಲಿಲ್ಲ, ಬೇರೆ ಕಡೆ ಕೂತಿತ್ತು.

ಇದನ್ನು ಮನೆಯಲ್ಲೇ ನೋಡಬಹುದು. ರಾಜ್ಯ ಸರ್ಕಾರದ ‘ಡಿಬಿಟಿ ಕರ್ನಾಟಕ’ (ಡಿಬಿಟಿ ಎಂದರೆ ಖಾತೆಗೆ ನೇರ ಹಣ ವರ್ಗಾವಣೆ) ಆ್ಯಪ್ ಹಾಕಿಕೊಂಡು ತಾಯಿಯ ಆಧಾರ್ ಸಂಖ್ಯೆ ಕೊಡಿ. ಆಧಾರ್‌ನಲ್ಲಿರುವ ಮೊಬೈಲಿಗೆ ಬರುವ ಒಟಿಪಿ ಹಾಕಿ, ನಾಲ್ಕಂಕಿಯ ಗುಪ್ತಸಂಖ್ಯೆ ಇಟ್ಟುಕೊಳ್ಳಿ. ಯಾವ ಯೋಜನೆಯ ಹಣ, ಯಾವ ದಿನ, ಯಾವ ಬ್ಯಾಂಕಿಗೆ ಹೋಯಿತು ಎಂಬುದು ಅಲ್ಲಿ ಕಾಣುತ್ತದೆ. ಆಧಾರ್ ಈಗ ಯಾವ ಬ್ಯಾಂಕಿಗೆ ನಮೂದಾಗಿದೆ ಎಂಬುದು ‘ಮೈ ಆಧಾರ್’ ಜಾಲತಾಣದ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಪುಟದಲ್ಲೂ ಸಿಗುತ್ತದೆ. ಆಧಾರ್‌ಗೆ ಮೊಬೈಲ್ ಸೇರಿಸಿಲ್ಲದಿದ್ದರೆ ಈ ಎರಡೂ ಆಗುವುದಿಲ್ಲ. ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಮನೆಯಲ್ಲಿ ಖಾಯಂ ಇರುವವರ ನಂಬರ್ ಸೇರಿಸಿ.

ಇಲ್ಲಿಂದ ಮುಂದೆ ಮೂರು ದಾರಿ.

ಹಣ ಬೇರೆ ಬ್ಯಾಂಕಿಗೆ ಹೋಗಿದ್ದರೆ ಅಲ್ಲಿಂದಲೇ ಬಿಡಿಸಿಕೊಳ್ಳಿ. ಮುಂದಿನದು ಹಳೆಯ ಖಾತೆಗೇ ಬರಬೇಕಿದ್ದರೆ ಆ ಶಾಖೆಯಲ್ಲಿ ‘ಡಿಬಿಟಿಗಾಗಿ ಆಧಾರ್ ಜೋಡಣೆ ಒಪ್ಪಿಗೆ ಪತ್ರ’ ಕೇಳಿ ಪಡೆಯಿರಿ. ಈಗ ಯಾವ ಬ್ಯಾಂಕಿನಲ್ಲಿದೆಯೋ ಅದರ ಹೆಸರನ್ನು ಆ ಫಾರಂನಲ್ಲಿ ಬರೆಯುವ ಜಾಗವಿದೆ. ಅದನ್ನು ಖಾಲಿ ಬಿಟ್ಟರೆ ವರ್ಗಾವಣೆ ಆಗದೇ ಉಳಿಯಬಹುದು. ಸೀಲು ಹಾಕಿದ ಪ್ರತಿ ಇಸಿದುಕೊಳ್ಳಿ, ಕೆಲವು ದಿನ ಬಿಟ್ಟು ಮತ್ತೆ ಸ್ಟೇಟಸ್ ನೋಡಿ. ಎನ್‌ಪಿಸಿಐ ಪಟ್ಟಿ ನೋಡುವುದು ಬ್ಯಾಂಕನ್ನು ಮಾತ್ರ. ಒಂದೇ ಬ್ಯಾಂಕಿನಲ್ಲಿ ಎರಡು ಖಾತೆ ಇದ್ದರೆ ಯಾವುದಕ್ಕೆ ಹಾಕಬೇಕೆಂದು ತೀರ್ಮಾನಿಸುವುದು ಬ್ಯಾಂಕ್. ಆಗ ಖಾತೆ ಸಂಖ್ಯೆಯನ್ನೂ ಸ್ಪಷ್ಟವಾಗಿ ಬರೆದುಕೊಡಬೇಕು.

ಹಣ ಕಳಿಸಿ ವಾಪಸಾಗಿದ್ದರೆ ತೊಂದರೆ ಖಾತೆಯಲ್ಲಿದೆ. ಖಾತೆ ನಿಷ್ಕ್ರಿಯವಾಗಿರಬಹುದು, ಕೆವೈಸಿ ನವೀಕರಣ ಬಾಕಿ ಇರಬಹುದು. ಆಧಾರ್ ಬದಲು ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಮೇಲೆ ಹಣ ಹೋಗುತ್ತಿದ್ದರೆ ಬ್ಯಾಂಕ್ ವಿಲೀನವೂ ಕಾರಣವಾಗುತ್ತದೆ. 2020ರ ಏಪ್ರಿಲ್ 1ರಿಂದ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲೂ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲೂ ಸೇರಿದವು. 2025ರ ಮೇ 1ರಿಂದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಮತ್ತು ಕರ್ನಾಟಕ ಗ್ರಾಮೀಣ ಬ್ಯಾಂಕ್ ಒಂದಾದವು. ಹಾವೇರಿ ಭಾಗದಲ್ಲಿ ವಿಕಾಸ ಬ್ಯಾಂಕಿನ ಹಳೆಯ ಪಾಸ್‌ಬುಕ್ಕನ್ನೇ ಇಟ್ಟುಕೊಂಡವರು ಬಹಳ. ಹೊಸ ಪಾಸ್‌ಬುಕ್ ಪಡೆದು ಅದರ ಮೊದಲ ಪುಟದ ಜೆರಾಕ್ಸ್ ಅನ್ನು ನಾಡಕಚೇರಿಗೆ ಕೊಡಿ.

ಹಣ ಹೊರಟೇ ಇಲ್ಲ ಎಂದಾದರೆ ಮಾಸಾಶನ ಕಂದಾಯ ಇಲಾಖೆಯ ಕಡೆಯೇ ನಿಂತಿದೆ. ಪರಿಶೀಲನೆ ವೇಳೆ ಮನೆಯಲ್ಲಿರದಿದ್ದರೆ ‘ಊರು ಬಿಟ್ಟಿದ್ದಾರೆ’ ಎಂದೋ, ಕೆಲವೊಮ್ಮೆ ‘ಮೃತಪಟ್ಟಿದ್ದಾರೆ’ ಎಂದೋ ನಮೂದಾಗಿರುತ್ತದೆ. ಮಗಳ ಮನೆಯಲ್ಲಿ ಎರಡು ತಿಂಗಳು ಇದ್ದು ಬಂದ ತಾಯಂದಿರಿಗೆ ಹೀಗಾಗುತ್ತದೆ. ತಾಯಿಯನ್ನೇ ಕರೆದುಕೊಂಡು ಹೋಗಿ ಗ್ರಾಮ ಆಡಳಿತ ಅಧಿಕಾರಿಯ ಮುಂದೆ ಹಾಜರುಪಡಿಸಿ. ಮಂಜೂರಾತಿ ಆದೇಶ, ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್‌ನ ಕೊನೆಯ ಎಂಟ್ರಿ ಪುಟ ಜೊತೆಗಿರಲಿ. ‘ನಿಲ್ಲಿಸಿದ ಮಾಸಾಶನ ಪುನರಾರಂಭಿಸಿ, ಬಾಕಿ ಕೊಡಿಸಿ’ ಎಂದು ತಹಶೀಲ್ದಾರರ ಹೆಸರಿಗೆ ಅರ್ಜಿ ಬರೆಯಿರಿ. ಆಗುವುದಿಲ್ಲ ಎಂದು ಬಾಯಿಮಾತಿನಲ್ಲಿ ಹೇಳಿದರೆ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಕೊಡಿ ಎಂದು ಕೇಳಿ. ಕಾರಣ ಕಾಗದದ ಮೇಲೆ ಬಂದರೆ ಮುಂದಿನ ಮೇಲ್ಮನವಿಗೆ ಅದೇ ಆಧಾರ. ನಂತರ ರಾಜ್ಯ ಸರ್ಕಾರದ ಸಹಾಯವಾಣಿ 1902ಕ್ಕೆ ಕರೆ ಮಾಡಿ ದೂರು ದಾಖಲಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಕೊರೊನಾ ಕಾಲದಲ್ಲಿ ಪಿಂಚಣಿದಾರರಿಗೆ ಕೇಂದ್ರ ಸರ್ಕಾರ 1000 ರೂಪಾಯಿ ಕೊಟ್ಟಿತು. ನನ್ನ ತಮ್ಮನಿಗೆ ಶೇ. 60 ಅಂಗವೈಕಲ್ಯವಿದೆ, ಮಾಸಾಶನವೂ ಬರುತ್ತದೆ, ಆದರೆ ಆ ಹಣ ಬರಲಿಲ್ಲ. ಈಗ ಕೇಳಬಹುದೇ? (ತುಮಕೂರು)

ಉತ್ತರ: ಈಗ ಕೇಳಲು ಅವಕಾಶವಿಲ್ಲ. ಆಗ ಯಾಕೆ ಬರಲಿಲ್ಲ ಎಂಬುದನ್ನು ಮಾತ್ರ ತಿಳಿದುಕೊಳ್ಳಿ, ಮುಂದೆಯೂ ಇದೇ ಪ್ರಶ್ನೆ ಏಳುತ್ತದೆ.

ನಮ್ಮಲ್ಲಿ ಮಾಸಾಶನದವರು ಎರಡು ಪಟ್ಟಿಗಳಲ್ಲಿದ್ದಾರೆ. ಒಂದು 1995ರಲ್ಲಿ ಆರಂಭವಾದ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮದ್ದು. ಇದರಲ್ಲಿ ಸ್ವಲ್ಪ ಹಣ ಕೇಂದ್ರದ್ದು, ಉಳಿದದ್ದು ರಾಜ್ಯದ್ದು. ಇನ್ನೊಂದು ಪೂರ್ತಿ ರಾಜ್ಯದ್ದು. ಸಂಧ್ಯಾ ಸುರಕ್ಷಾ ಈ ಎರಡನೆಯ ಬಗೆಯದು. 2020ರ ಮಾರ್ಚ್ 26ರಂದು ಘೋಷಣೆಯಾದ ಗರೀಬ್ ಕಲ್ಯಾಣ್ ಪ್ಯಾಕೇಜಿನ 1000 ರೂಪಾಯಿ, ಎರಡು ಕಂತಿನಲ್ಲಿ, ಹೋದದ್ದು ಕೇಂದ್ರದ ಪಟ್ಟಿಯವರಿಗೆ. ಆ ಪಟ್ಟಿಯ ಅಂಗವಿಕಲರ ಪಿಂಚಣಿಗೆ ಬಡತನ ರೇಖೆಯ ಕೆಳಗಿದ್ದು, 18 ದಾಟಿ, ಶೇ. 80ರಷ್ಟು ಅಂಗವೈಕಲ್ಯ ಇರಬೇಕು. ರಾಜ್ಯದ ಮಾಸಾಶನ ಶೇ. 40ಕ್ಕೇ ಶುರುವಾಗುತ್ತದೆ. ನಿಮ್ಮ ತಮ್ಮ ಇರುವುದು ರಾಜ್ಯದ ಪಟ್ಟಿಯಲ್ಲಿ. ಶೇ. 60 ವೈಕಲ್ಯವಿರುವ ಬಡವನಿಗೆ ಲಾಕ್‌ಡೌನ್‌ನಲ್ಲಿ ಕಷ್ಟ ಕಡಿಮೆಯೇನೂ ಇರಲಿಲ್ಲ. ಪಟ್ಟಿ ನೋಡಿ ಪರಿಹಾರ ಹಂಚುವ ಈ ಕ್ರಮ ಸರಿಯಲ್ಲ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಅದೇ ಸಮಯದಲ್ಲಿ ತಿಂಗಳಿಗೆ 500ರಂತೆ ಮೂರು ತಿಂಗಳು ಬಂದದ್ದು ಜನಧನ ಖಾತೆಯಿದ್ದ ಮಹಿಳೆಯರಿಗೆ. ಅದಕ್ಕೂ ಪಿಂಚಣಿಗೂ ಸಂಬಂಧವಿರಲಿಲ್ಲ.

ಈಗ ಮಾಡಬೇಕಾದ ಕೆಲಸವೆಂದರೆ ತಮ್ಮನ ಪ್ರಮಾಣ ಪತ್ರ ತೆಗೆದು ನೋಡುವುದು. ಅದು ಶಾಶ್ವತವೋ ತಾತ್ಕಾಲಿಕವೋ? ತಾತ್ಕಾಲಿಕವಾದರೆ ಕೊನೆಯ ದಿನಾಂಕ ಇರುತ್ತದೆ. ಅದು ದಾಟಿದರೆ ಮಾಸಾಶನಕ್ಕೇ ಕುತ್ತು ಬರಬಹುದು, ಆದ್ದರಿಂದ ಮೊದಲೇ ನವೀಕರಿಸಿ. ವೈಕಲ್ಯ ಹೆಚ್ಚಿದ್ದರೆ ಸ್ವಾವಲಂಬನ್ ಜಾಲತಾಣದಲ್ಲಿ ಯುಡಿಐಡಿಗೆ (ಅಂಗವಿಕಲರ ವಿಶಿಷ್ಟ ಗುರುತಿನ ಕಾರ್ಡಿಗೆ) ಅರ್ಜಿ ಹಾಕಿ ಮರುಪರೀಕ್ಷೆಗೆ ಹೋಗಿ. ರಾಜ್ಯದ ಮಾಸಾಶನದಲ್ಲಿ ಶೇ. 75 ದಾಟಿದವರಿಗೆ ಮೊತ್ತ ಹೆಚ್ಚು. ಹೊಸ ಕಾರ್ಡ್ ಬಂದರೂ ಮೊತ್ತ ತಾನಾಗಿಯೇ ಬದಲಾಗುವುದಿಲ್ಲ, ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು.

ಪ್ರಶ್ನೆ: ಅಜ್ಜನ ಮಾಸಾಶನ ಬರುವ ಖಾತೆಯನ್ನು ಬೆಳೆಸಾಲದ ಬಾಕಿಗಾಗಿ ಬ್ಯಾಂಕ್ ಹಿಡಿದಿಟ್ಟಿದೆ. ಬರ ಪರಿಹಾರದ ಹಣವನ್ನೂ ಸಾಲಕ್ಕೆ ಜಮಾ ಮಾಡಿಕೊಂಡರು. ಇದು ಸರಿಯೇ? (ವಿಜಯಪುರ ಜಿಲ್ಲೆ)

ಉತ್ತರ: ಸರಿಯಲ್ಲ. ಬರ ಪರಿಹಾರ, ಮಾಸಾಶನಗಳನ್ನು ಸಾಲಕ್ಕೆ ಹೊಂದಿಸಬಾರದೆಂದು ರಾಜ್ಯ ಸರ್ಕಾರ 2024ರ ಬರದ ಸಂದರ್ಭದಲ್ಲಿ ಬ್ಯಾಂಕುಗಳಿಗೆ ಸೂಚಿಸಿತ್ತು. 1871ರ ಪಿಂಚಣಿ ಕಾಯ್ದೆಯ 11ನೇ ಕಲಮಿನ ಪ್ರಕಾರ ದೈಹಿಕ ದುರ್ಬಲತೆಗಾಗಿ ಅಥವಾ ಅನುಕಂಪದಿಂದ ಸರ್ಕಾರ ಕೊಡುವ ಪಿಂಚಣಿಯನ್ನು ಸಾಲಗಾರನ ಮೇಲಿನ ದಾವೆಯಲ್ಲಿ ನ್ಯಾಯಾಲಯವೂ ಜಪ್ತಿ ಮಾಡುವಂತಿಲ್ಲ. ಬ್ಯಾಂಕ್ ತನ್ನ ಬಳಿಯ ಖಾತೆಯಿಂದ ತಾನೇ ಮುರಿದುಕೊಳ್ಳುವುದು ಕಾನೂನಿನಲ್ಲಿ ಬೇರೆ ಪ್ರಶ್ನೆ. ಸಾಲ ಪಡೆಯುವಾಗ ‘ನನ್ನ ಖಾತೆಯಿಂದ ಕಂತು ಕಡಿತ ಮಾಡಿಕೊಳ್ಳಿ’ ಎಂದು ಅಜ್ಜ ಸಹಿ ಹಾಕಿದ್ದರೆ ಬ್ಯಾಂಕ್ ಅದನ್ನೇ ಮುಂದಿಡುತ್ತದೆ. ಹಾಗಾಗಿ ಕಾನೂನಿನ ಪಾಠ ಹೇಳುತ್ತ ಕೌಂಟರಿನಲ್ಲಿ ಜಗಳಕ್ಕೆ ನಿಲ್ಲುವುದಕ್ಕಿಂತ ಈ ಕ್ರಮ ಹಿಡಿಯಿರಿ.

ಮೊದಲು ಮುಂದಿನ ತಿಂಗಳ ಹಣ ಉಳಿಸಿಕೊಳ್ಳಿ. ಸಾಲವಿಲ್ಲದ ಬೇರೆ ಬ್ಯಾಂಕಿನಲ್ಲಿ ಮೂಲ ಉಳಿತಾಯ ಖಾತೆ ತೆರೆದು ಡಿಬಿಟಿ ಜೋಡಣೆಯನ್ನು ಅಲ್ಲಿಗೆ ಬದಲಿಸಿ. ಇದಕ್ಕೆ ಕನಿಷ್ಠ ಮೊತ್ತ ಇಡಬೇಕಿಲ್ಲ, ದಂಡವೂ ಬೀಳುವುದಿಲ್ಲ. ನಂತರ ಹಿಡಿದಿಟ್ಟ ಹಣಕ್ಕಾಗಿ ಶಾಖಾ ವ್ಯವಸ್ಥಾಪಕರಿಗೆ ಅರ್ಜಿ ಕೊಡಿ. ಪಾಸ್‌ಬುಕ್ಕಿನಲ್ಲಿ ಮಾಸಾಶನ, ಬರ ಪರಿಹಾರ ಜಮೆಯಾದ ಸಾಲುಗಳನ್ನು ಗುರುತು ಮಾಡಿ ಜೆರಾಕ್ಸ್ ಲಗತ್ತಿಸಿ. ಯಾವ ಸಾಲು ಯಾವ ಯೋಜನೆಯದು ಎಂದು ತೋರಿಸದಿದ್ದರೆ ಅರ್ಜಿಗೆ ಬಲ ಬರುವುದಿಲ್ಲ. ಪ್ರತಿಯೊಂದನ್ನು ತಹಶೀಲ್ದಾರರಿಗೂ ಜಿಲ್ಲೆಯ ಲೀಡ್ ಬ್ಯಾಂಕ್ (ಜಿಲ್ಲೆಯ ಬ್ಯಾಂಕುಗಳ ಕೆಲಸವನ್ನು ಹೊಂದಿಸುವ ಬ್ಯಾಂಕ್) ವ್ಯವಸ್ಥಾಪಕರಿಗೂ ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ವಿಚಾರಿಸಲು 14448ಕ್ಕೆ ಕರೆ ಮಾಡಿ.

ಪ್ರಶ್ನೆ: ಅತ್ತೆಗೆ 66 ವರ್ಷ, ವಿಧವಾ ವೇತನ 800 ರೂಪಾಯಿ ಬರುತ್ತಿದೆ. ಸಂಧ್ಯಾ ಸುರಕ್ಷಾವನ್ನೂ ಪಡೆಯಬಹುದೇ? ಗೃಹಲಕ್ಷ್ಮಿ ಬರುವುದರಿಂದ ಯಾವುದಾದರೂ ನಿಲ್ಲುತ್ತದೆಯೇ? (ಮಂಡ್ಯ)

ಉತ್ತರ: ಸಾಮಾಜಿಕ ಭದ್ರತೆಯ ಮಾಸಾಶನ ಒಬ್ಬರಿಗೆ ಒಂದೇ. 65 ದಾಟಿದವರಿಗೆ ಸಂಧ್ಯಾ ಸುರಕ್ಷಾದಲ್ಲಿ 1200 ಸಿಗುವುದರಿಂದ ಬದಲಿಸಿಕೊಳ್ಳುವುದು ಲಾಭ. ‘ವಿಧವಾ ವೇತನ ರದ್ದುಪಡಿಸಿ’ ಎಂದು ಬರೀ ರದ್ದತಿಗೆ ಮಾತ್ರ ಬರೆದುಕೊಡಬೇಡಿ, ನಡುವೆ ಕೆಲವು ತಿಂಗಳು ಎರಡೂ ಇಲ್ಲದಂತಾಗಬಹುದು. ಬದಲಾವಣೆಯ ಕೋರಿಕೆ ಮತ್ತು ಹೊಸ ಅರ್ಜಿ ಒಟ್ಟಿಗೇ ಇರಲಿ. ವಾರ್ಷಿಕ ಆದಾಯ 32,000 ರೂಪಾಯಿ ಮೀರಬಾರದು. ಮಾವನವರ ನೌಕರಿಯಿಂದ ಕುಟುಂಬ ಪಿಂಚಣಿಯೋ, ಭವಿಷ್ಯನಿಧಿಯ ಪಿಂಚಣಿಯೋ ಬರುತ್ತಿದ್ದರೆ ಸಂಧ್ಯಾ ಸುರಕ್ಷಾ ಸಿಗದು.

ಆಧಾರ್‌ನಲ್ಲಿ ವಯಸ್ಸು ಸರಿಯಿದೆಯೇ ನೋಡಿ. ಹಿರಿಯರ ಆಧಾರ್‌ನಲ್ಲಿ ಹುಟ್ಟಿದ ವರ್ಷವನ್ನು ಅಂದಾಜಿನಲ್ಲಿ ಬರೆದದ್ದು ಬಹಳ. ತಿದ್ದುಪಡಿಗೆ ಸಾಮಾನ್ಯವಾಗಿ ಒಂದೇ ಅವಕಾಶ, ಸರಿಯಾದ ದಾಖಲೆ ಕೈಗೆ ಬರುವ ಮುಂಚೆ ಅದನ್ನು ಬಳಸಿಬಿಡಬೇಡಿ.

ಗೃಹಲಕ್ಷ್ಮಿ ಬೇರೆ ಯೋಜನೆ. ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಎಂದು ಯಾರ ಹೆಸರಿದೆಯೋ ಅವರಿಗೆ 2000 ಬರುತ್ತದೆ. ಆಕೆ ಅಥವಾ ಪತಿ ಆದಾಯ ತೆರಿಗೆ ಕಟ್ಟುವವರು, ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರು ಆಗಿರಬಾರದು. ಮಾಸಾಶನ ಅದಕ್ಕೆ ಅಡ್ಡಿಯಲ್ಲ.

ಪ್ರಶ್ನೆ: ಮಳೆಗೆ ಗೋಡೆ ಕುಸಿದು ನನ್ನ ಗಂಡನ ಬಲಗೈ ಹೋಯಿತು. ಪರಿಹಾರ ಪಡೆದರೆ ಅಂಗವಿಕಲರ ಮಾಸಾಶನ ಸಿಗುವುದಿಲ್ಲ ಎನ್ನುತ್ತಾರೆ. (ಕೊಡಗು)

ಉತ್ತರ: ಆ ಮಾತು ನಂಬಬೇಡಿ. ಪ್ರಕೃತಿ ವಿಕೋಪದ ಪರಿಹಾರ ಒಂದು ಸಲದ್ದು, ಮಾಸಾಶನ ತಿಂಗಳಿಗೊಮ್ಮೆ ಬರುವಂಥದ್ದು. ಎರಡಕ್ಕೂ ಪ್ರತ್ಯೇಕವಾಗಿ ಅರ್ಜಿ ಹಾಕಿ. 2022ರಿಂದ 2026ರ ಅವಧಿಯ ವಿಪತ್ತು ಪರಿಹಾರ ನಿಧಿಯ ಮಾನದಂಡದಲ್ಲಿ ಕೈಕಾಲು ಅಥವಾ ಕಣ್ಣು ಕಳೆದುಕೊಂಡು ಶೇ. 40ರಿಂದ 60ರಷ್ಟು ವೈಕಲ್ಯವಾದರೆ 74,000 ರೂಪಾಯಿ, ಶೇ. 60 ಮೀರಿದರೆ 2.5 ಲಕ್ಷ ರೂಪಾಯಿ. ಮನೆ ಹಾನಿಯ ಪರಿಹಾರ ಇದರಲ್ಲಿ ಸೇರಿಲ್ಲ, ಅದನ್ನು ಬೇರೆಯಾಗಿ ಕೇಳಿ.

ಇಂಥ ಅರ್ಜಿಗಳು ಬಿದ್ದುಹೋಗುವುದು ಹೆಚ್ಚಾಗಿ ಆಸ್ಪತ್ರೆಯ ಕಾಗದದಲ್ಲಿ. ಬಿಡುಗಡೆ ಪತ್ರದಲ್ಲಿ ‘ಬಿದ್ದು ಗಾಯ’ ಎಂದಷ್ಟೇ ಬರೆದಿದ್ದರೆ ಮಳೆಗೂ ಗಾಯಕ್ಕೂ ಇರುವ ಸಂಬಂಧ ದಾಖಲೆಯಲ್ಲಿ ಉಳಿಯುವುದಿಲ್ಲ. ಗೋಡೆ ಕುಸಿದು ಆದ ಗಾಯ ಎಂಬ ಕಾರಣ, ದಿನಾಂಕ, ವೈಕಲ್ಯದ ಪ್ರಮಾಣ ಮೂರೂ ಸರ್ಕಾರಿ ವೈದ್ಯರ ಪ್ರಮಾಣ ಪತ್ರದಲ್ಲಿರಬೇಕು. ಕುಸಿದ ಗೋಡೆಯ ಫೋಟೊ, ಗ್ರಾಮ ಆಡಳಿತ ಅಧಿಕಾರಿ ಮಾಡಿದ ಪಂಚನಾಮೆಯ ನಕಲು ಸೇರಿಸಿ ತಹಶೀಲ್ದಾರರಿಗೆ ಕೊಡಿ. ಅವಶೇಷ ತೆರವು ಮಾಡುವ ಮೊದಲೇ ಪಂಚನಾಮೆ ಆಗಿರಬೇಕು. ಆಗಿಲ್ಲದಿದ್ದರೆ ನೋಡಿದ ಅಕ್ಕಪಕ್ಕದವರ ಹೇಳಿಕೆ ಬರೆಸಿಕೊಳ್ಳಿ.

ಇಂಥ ಪರಿಹಾರಕ್ಕೆ ಅರ್ಜಿ ಹಾಕಿದವರ ಮನೆಗೆ ‘ಹಣ ಮಂಜೂರಾಗಿದೆ, ಈ ಲಿಂಕ್ ಒತ್ತಿ, ಒಟಿಪಿ ಹೇಳಿ’ ಎಂಬ ಫೋನ್, ವಾಟ್ಸ್ಆ್ಯಪ್ ಬರುವುದಿದೆ. ಯೋಜನೆಯ ಹೆಸರಿನಲ್ಲಿ ಬರುವ ಎಪಿಕೆ ಫೈಲನ್ನು (ಫೋನಿಗೆ ಆ್ಯಪ್ ಹಾಕುವ ಫೈಲು) ತೆರೆದರೆ ಫೋನಿನ ಮೆಸೇಜುಗಳೆಲ್ಲ ವಂಚಕರ ಕೈಗೆ ಹೋಗುತ್ತವೆ. ಯಾವ ಪರಿಹಾರಕ್ಕೂ ಮುಂಗಡ ಶುಲ್ಕವಿಲ್ಲ, ತಹಶೀಲ್ದಾರ್ ಕಚೇರಿಯವರು ಫೋನಿನಲ್ಲಿ ಒಟಿಪಿ ಕೇಳುವುದಿಲ್ಲ. ಹೇಳಿಬಿಟ್ಟಿದ್ದರೆ ಹಿಂಜರಿಯದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ ಖಾತೆ ತಡೆಹಿಡಿಸಿ. ಬೇಗ ತಿಳಿಸಿದಷ್ಟೂ ಹೋದ ಹಣವನ್ನು ದಾರಿಯಲ್ಲೇ ನಿಲ್ಲಿಸುವ ಅವಕಾಶ ಹೆಚ್ಚು.