ಡಿಸೆಂಬರ್ ಕೊನೆಯಲ್ಲಿ ಡೆಟ್ರಾಯಿಟ್‌ನಿಂದ ಒರ್ಲ್ಯಾಂಡೊಗೆ ಆರ್‌ವಿಯಲ್ಲಿ ಹೊರಟರೆ ರಾತ್ರಿ ಎಲ್ಲೆಲ್ಲಿ ತಂಗಬೇಕು?

ನೀವು ಕೇಳಿರುವುದು ಇಷ್ಟು: ಬಾಡಿಗೆಗೆ ತೆಗೆದುಕೊಂಡ 28 ಅಡಿಯ ಆರ್‌ವಿ (ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳುವಂಥ ಮನೆಗಾಡಿ), ಊರಿಂದ ಬಂದಿರುವ ಅಪ್ಪ ಅಮ್ಮ, ನೀವಿಬ್ಬರು, ಇಬ್ಬರು ಮಕ್ಕಳು. ಐ-75 ಹೆದ್ದಾರಿ ಹಿಡಿದು ಒರ್ಲ್ಯಾಂಡೊವರೆಗೆ ಸುಮಾರು 1,150 ಮೈಲಿ. ರಾತ್ರಿಗಳನ್ನು ವಾಲ್‌ಮಾರ್ಟ್ ಪಾರ್ಕಿಂಗ್‌ನಲ್ಲಿ ಪುಕ್ಕಟೆಯಾಗಿ ಕಳೆಯಬಹುದೇ ಅಥವಾ ಕ್ಯಾಂಪ್‌ಗ್ರೌಂಡ್ ಬುಕ್ ಮಾಡಲೇಬೇಕೇ?

ಮೊದಲ ಎರಡು ರಾತ್ರಿ ಕರೆಂಟ್ ಇರುವ ಸೈಟ್ ಬುಕ್ ಮಾಡಲೇಬೇಕು. ಮೂರನೆಯ ರಾತ್ರಿಯಿಂದ ಬೇಕಾದರೆ ದುಡ್ಡು ಉಳಿಸಿ. ಬೇಸಿಗೆಯಲ್ಲಿ ಇಂತಿಷ್ಟು ಮೈಲಿ ಓಡಿಸಿ ಸಿಕ್ಕಲ್ಲಿ ನಿಂತರೆ ನಡೆಯುತ್ತದೆ. ಚಳಿಗಾಲದಲ್ಲಿ ಎಲ್ಲಿ ನಿಲ್ಲಬೇಕು ಅನ್ನುವುದನ್ನು ತೀರ್ಮಾನಿಸುವುದು ಬ್ಯಾಟರಿ, ನೀರಿನ ಪೈಪು ಮತ್ತು ಬೆಳಗಿನ ರಸ್ತೆ.

ಬ್ಯಾಟರಿಯ ಲೆಕ್ಕ ನೋಡಿ. ಆರ್‌ವಿಯ ಒಳಗನ್ನು ಬೆಚ್ಚಗಿಡುವ ಫರ್ನೇಸ್ ಉರಿಯುವುದು ಪ್ರೊಪೇನ್ ಗ್ಯಾಸ್‌ನಿಂದ, ಆದರೆ ಬಿಸಿಗಾಳಿ ತಳ್ಳುವ ಫ್ಯಾನ್ ನಡೆಯುವುದು 12 ವೋಲ್ಟ್ ಬ್ಯಾಟರಿಯಿಂದ. ಆ ಫ್ಯಾನ್ ಸುಮಾರು 8 ಆಂಪ್ ಎಳೆಯುತ್ತದೆ. ಹೊರಗೆ 20 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಫರ್ನೇಸ್ ರಾತ್ರಿಯ ಅರ್ಧ ಹೊತ್ತು ಓಡುತ್ತದೆ ಅಂದುಕೊಳ್ಳಿ. ಸಂಜೆ 6ರಿಂದ ಬೆಳಗ್ಗೆ 8ರವರೆಗೆ 14 ಗಂಟೆ, ಅದರಲ್ಲಿ 7 ಗಂಟೆ ಫ್ಯಾನ್, ಒಟ್ಟು 56 ಆಂಪ್-ಅವರ್. ಬಾಡಿಗೆ ಗಾಡಿಗಳಲ್ಲಿ ಸಾಮಾನ್ಯವಾಗಿ ಇರುವುದು 100 ಆಂಪ್-ಅವರ್‌ನ ಒಂದು ಲೆಡ್-ಆಸಿಡ್ ಬ್ಯಾಟರಿ. ಅದರಲ್ಲಿ ಧೈರ್ಯವಾಗಿ ಬಳಸಬಹುದಾದದ್ದು ಅರ್ಧ, ಚಳಿಗೆ ಅದೂ ಕುಗ್ಗುತ್ತದೆ. ಹಾಗಾಗಿ ಬೆಳಗಿನ ಜಾವ ನಾಲ್ಕೈದರ ಹೊತ್ತಿಗೆ ವೋಲ್ಟೇಜ್ ಇಳಿದು ಫ್ಯಾನ್ ನಿಧಾನವಾಗುತ್ತದೆ. ಗಾಳಿಯ ಒತ್ತಡ ಸಾಲದಿದ್ದರೆ ಒಳಗಿನ ಸೇಲ್ ಸ್ವಿಚ್ ಉರಿ ಹೊತ್ತಲು ಬಿಡುವುದಿಲ್ಲ. ಟ್ಯಾಂಕ್ ತುಂಬ ಗ್ಯಾಸ್ ಇದ್ದರೂ ಗಾಡಿ ತಣ್ಣಗಾಗುತ್ತದೆ, ಅದೂ ರಾತ್ರಿಯ ಅತಿ ಚಳಿಯ ಗಂಟೆಯಲ್ಲಿ. ವಯಸ್ಸಾದವರು ಜೊತೆಗಿರುವಾಗ ಆ ಅಪಾಯ ಬೇಡ.

ಜನರೇಟರ್ ಓಡಿಸಬಹುದಲ್ಲ ಅನ್ನಬಹುದು. ಬಾಡಿಗೆ ಕಂಪನಿಗಳು ಅದಕ್ಕೆ ಗಂಟೆ ಲೆಕ್ಕದಲ್ಲಿ ದುಡ್ಡು ಹಾಕುವುದುಂಟು. ಪೆಟ್ರೋಲ್ ಟ್ಯಾಂಕ್ ಕಾಲು ಭಾಗಕ್ಕೆ ಇಳಿದರೆ ಜನರೇಟರ್ ತಾನೇ ನಿಲ್ಲುತ್ತದೆ. ರಾತ್ರಿ ಬಿದ್ದ ಹಿಮ ಹೊಗೆಕೊಳವೆಯ ಸುತ್ತ ಕೂತರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ಬರುವ ಭಯವೂ ಇದೆ. ಮಲಗಿರುವಾಗ ಜನರೇಟರ್ ಬೇಡ. ಗಾಡಿ ತೆಗೆದುಕೊಳ್ಳುವ ದಿನವೇ ಕಾರ್ಬನ್ ಮೊನಾಕ್ಸೈಡ್ ಅಲಾರಂನ ಟೆಸ್ಟ್ ಬಟನ್ ಒತ್ತಿ ನೋಡಿ. ಬಿಸಿಗೆಂದು ಗ್ಯಾಸ್ ಒಲೆ ಹಚ್ಚಿಡುವುದು ಯಾವ ಕಾರಣಕ್ಕೂ ಬೇಡ.

ಇನ್ನು ದಾರಿ. ಒಂದು ದಿನಕ್ಕೆ 300 ಮೈಲಿ ಆಸುಪಾಸು ಸಾಕು, ಸಂಜೆ ನಾಲ್ಕರೊಳಗೆ ಗಾಡಿ ನಿಂತಿರಬೇಕು. ಡಿಸೆಂಬರ್ ಕೊನೆಯಲ್ಲಿ ಡೆಟ್ರಾಯಿಟ್‌ನಲ್ಲಿ ಸೂರ್ಯ ಹುಟ್ಟುವುದೇ ಎಂಟಕ್ಕೆ, ಲೆಕ್ಸಿಂಗ್ಟನ್‌ನಲ್ಲಿ ಮುಳುಗುವುದು ಐದೂ ಇಪ್ಪತ್ತರ ಸುಮಾರಿಗೆ. ಕತ್ತಲಲ್ಲಿ ಹೊಸ ಜಾಗಕ್ಕೆ 28 ಅಡಿಯ ಗಾಡಿಯನ್ನು ಹಿಂದಕ್ಕೆ ತೂರಿಸುವುದು ಕಷ್ಟ. ಬುಕ್ ಮಾಡುವಾಗ ಪುಲ್-ಥ್ರೂ ಸೈಟ್ ಕೇಳಿ, ನೇರ ಒಳಗೆ ಹೋಗಿ ಬೆಳಗ್ಗೆ ನೇರ ಹೊರಗೆ ಬರಬಹುದು.

ಮೊದಲ ರಾತ್ರಿಗೆ ನನ್ನ ಆಯ್ಕೆ ಲೆಕ್ಸಿಂಗ್ಟನ್ ಹತ್ತಿರದ ಕೆಂಟಕಿ ಹಾರ್ಸ್ ಪಾರ್ಕ್ ಕ್ಯಾಂಪ್‌ಗ್ರೌಂಡ್, ಎಕ್ಸಿಟ್ 120. ಸುಮಾರು 340 ಮೈಲಿ, ನಾಲ್ಕು ದಿನಗಳಲ್ಲಿ ಇದೇ ಉದ್ದದ ದಿನ. ಎಂಟಕ್ಕೆ ಸರಿಯಾಗಿ ಹೊರಟರೆ ಒಂದೂವರೆ ಹೊತ್ತಿಗೆ ಸಿನ್ಸಿನಾಟಿ. ಅಲ್ಲಿ ಊರೊಳಗಿನ ಬ್ರೆಂಟ್ ಸ್ಪೆನ್ಸ್ ಸೇತುವೆಯ ಇಕ್ಕಟ್ಟು ಬೇಡವೆಂದರೆ ಐ-275 ಸುತ್ತುರಸ್ತೆ ಹಿಡಿಯಿರಿ. ಟೊಲೀಡೊ ದಾಟಿ ಲೈಮಾವರೆಗಿನದು ಬಟಾಬಯಲು ಹೊಲ. ಅಡ್ಡಗಾಳಿ ಜೋರಿದ್ದರೆ ಎತ್ತರದ ಗಾಡಿ ಪಕ್ಕಕ್ಕೆ ಸರಿಯುತ್ತದೆ, ಹಿಮ ರಸ್ತೆಗೆ ಹಾರಿ ಕೂರುತ್ತದೆ. ರಾಷ್ಟ್ರೀಯ ಹವಾಮಾನ ಸೇವೆಯ ಗಂಟೆವಾರು ಮುನ್ಸೂಚನೆಯಲ್ಲಿ ಗಾಳಿಯ ಬೀಸು ಗಂಟೆಗೆ 40 ಮೈಲಿ ಮೀರಿದ್ದರೆ ಒಂದು ದಿನ ತಡವಾಗಿ ಹೊರಡಿ. ಒಹಾಯೊದಲ್ಲಿ ಕೌಂಟಿ ಶೆರಿಫ್‌ಗಳು ಹಿಮ ತುರ್ತುಸ್ಥಿತಿಯನ್ನು ಮೂರು ಹಂತದಲ್ಲಿ ಘೋಷಿಸುತ್ತಾರೆ. ಮೂರನೆಯ ಹಂತದಲ್ಲಿ ತುರ್ತು ಕೆಲಸವಿಲ್ಲದವರು ರಸ್ತೆಗೆ ಇಳಿಯುವಂತಿಲ್ಲ. ಒಎಚ್‌ಗೋ ಆಪ್‌ನಲ್ಲಿ ರಸ್ತೆಯ ಸ್ಥಿತಿ ನೋಡಿ, ಡೇಟನ್ ಸುತ್ತಮುತ್ತ ಒಂದು ಹೋಟೆಲನ್ನು ಬದಲಿಯಾಗಿ ಗುರುತು ಹಾಕಿಟ್ಟುಕೊಳ್ಳಿ. ಮುಂದೆ ಹೋಗಬೇಕೇ ನಿಲ್ಲಬೇಕೇ ಅನ್ನುವುದನ್ನು ಮಧ್ಯಾಹ್ನ ಹನ್ನೆರಡರೊಳಗೆ ನಿರ್ಧರಿಸಿ.

ಕ್ಯಾಂಪ್‌ಗ್ರೌಂಡಿಗೆ ಮೊದಲೇ ಫೋನ್ ಮಾಡಿ ಕೇಳಬೇಕಾದ್ದು: ಸೈಟಿನ ನಲ್ಲಿಗಳು ಚಳಿಗಾಲದಲ್ಲಿ ತೆರೆದಿವೆಯೇ, ಸ್ನಾನಗೃಹಕ್ಕೆ ಬೀಗ ಬಿದ್ದಿದೆಯೇ, ಕೊಳೆನೀರಿನ ಟ್ಯಾಂಕ್ ಖಾಲಿ ಮಾಡುವ ಡಂಪ್ ಸ್ಟೇಷನ್ ನಡೆಯುತ್ತಿದೆಯೇ, ಕತ್ತಲಾದ ಮೇಲೆ ಬಂದರೆ ಸೈಟ್ ನಂಬರು ಎಲ್ಲಿ ಸಿಗುತ್ತದೆ. ವೆಬ್‌ಸೈಟಿನಲ್ಲಿ ‘ವರ್ಷವಿಡೀ ತೆರೆದಿರುತ್ತದೆ’ ಎಂದಿದ್ದರೆ ಗೇಟು ತೆರೆದಿರುತ್ತದೆ ಅಂತಷ್ಟೇ ಅರ್ಥ, ನೀರು ಬರುತ್ತದೆ ಅಂತಲ್ಲ. ಹಾರ್ಸ್ ಪಾರ್ಕಿನಲ್ಲಿ ಡಿಸೆಂಬರ್‌ನಲ್ಲಿ ಸದರ್ನ್ ಲೈಟ್ಸ್ ಎಂಬ ದೀಪಾಲಂಕಾರ ಇರುತ್ತದೆ, ಗಾಡಿಯಲ್ಲೇ ಕೂತು ನೋಡುವಂಥದ್ದು. ಮಕ್ಕಳಿಗೆ ಹಿಡಿಸುತ್ತದೆ, ಆದರೆ ಸಂಜೆ ಒಳಗೆ ಬರುವ ರಸ್ತೆಯಲ್ಲಿ ಕಾರುಗಳ ಸಾಲು ಇರಬಹುದು. ಬೇಗ ತಲುಪಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಎರಡನೆಯ ರಾತ್ರಿ ಚಾಟನೂಗ, ಸುಮಾರು 280 ಮೈಲಿ. ಆ ದಿನ ಬೇಗ ಹೊರಡಬೇಡಿ. ಕೆಂಟಕಿ-ಟೆನೆಸ್ಸಿ ಗಡಿಯ ಜೆಲಿಕೊ ಬೆಟ್ಟವನ್ನು ಬಿಸಿಲು ರಸ್ತೆಗೆ ಬಿದ್ದು ಒಂದೆರಡು ಗಂಟೆಯಾದ ಮೇಲೆ, ಹನ್ನೊಂದು-ಹನ್ನೆರಡರ ಹೊತ್ತಿಗೆ ಹತ್ತಿ ಇಳಿಯಿರಿ. ಬೆಳಗ್ಗೆ ನೆರಳಿರುವ ತಿರುವುಗಳಲ್ಲೂ ಸೇತುವೆಗಳ ಮೇಲೂ ಕಣ್ಣಿಗೆ ಕಾಣದ ಮಂಜುಗಡ್ಡೆಯ ಪೊರೆ ಇರುತ್ತದೆ. ಇಳಿಜಾರಿನಲ್ಲಿ ಗೇರ್ ಕೆಳಗಿಳಿಸುವ ಟೋ-ಹಾಲ್ ಬಟನ್ ಒತ್ತಿ, ಎಂಜಿನ್ನೇ ವೇಗವನ್ನು ತಡೆಹಿಡಿಯಲಿ. ಕಾಲು ಬ್ರೇಕ್ ಮೇಲೇ ಇಟ್ಟರೆ ಬ್ರೇಕ್ ಕಾದು ಹಿಡಿತ ಬಿಡುತ್ತದೆ.

ನಾಕ್ಸ್‌ವಿಲ್‌ನಲ್ಲಿ ನಿಲ್ಲದೆ ಚಾಟನೂಗ ಮುಟ್ಟಿ ಎನ್ನುವುದಕ್ಕೆ ಗಟ್ಟಿ ಕಾರಣವಿದೆ. ಇವೆರಡರ ನಡುವೆ ಕ್ಯಾಲ್‌ಹೂನ್ ಊರಿನ ಬಳಿ ಐ-75 ಹೈವಾಸೀ ನದಿ ದಾಟುತ್ತದೆ. ಅಲ್ಲಿ ಬೆಳಗಿನ ಹೊತ್ತು ದಟ್ಟ ಮಂಜು ಕವಿಯುವುದುಂಟು. 1990ರ ಡಿಸೆಂಬರ್ 11ರ ಬೆಳಗ್ಗೆ ಆ ಮಂಜಿನಲ್ಲಿ 99 ವಾಹನಗಳು ಒಂದಕ್ಕೊಂದು ಗುದ್ದಿ 12 ಮಂದಿ ಸತ್ತರು. ಆಮೇಲೆ ಅಲ್ಲಿ ಮಂಜು ಎಚ್ಚರಿಕೆ ವ್ಯವಸ್ಥೆ ಬಂತು. ಲೆಕ್ಸಿಂಗ್ಟನ್‌ನಿಂದ ಹೊರಟ ದಿನವೇ ಮಧ್ಯಾಹ್ನದಲ್ಲಿ ಆ ಜಾಗ ದಾಟಿಬಿಟ್ಟರೆ ಮರುದಿನ ಬೆಳಗ್ಗೆ ಆ ಚಿಂತೆ ಇರುವುದಿಲ್ಲ. ಚಾಟನೂಗದ ಹೊರಗಿರುವ ಹ್ಯಾರಿಸನ್ ಬೇ ಸ್ಟೇಟ್ ಪಾರ್ಕಿನಲ್ಲಿ ಆರ್‌ವಿ ಸೈಟುಗಳಿವೆ. ಅದು ಹೆದ್ದಾರಿಯಿಂದ ದೂರವೆನಿಸಿದರೆ ಎಕ್ಸಿಟ್‌ಗೆ ಹತ್ತಿರದ ಖಾಸಗಿ ಆರ್‌ವಿ ಪಾರ್ಕ್ ಹಿಡಿಯಿರಿ. ಒಂದೇ ರಾತ್ರಿ ತಂಗುವವರಿಗೆ ಅದೇ ಅನುಕೂಲ.

ಮೂರನೆಯ ದಿನ ಎಂಟೂವರೆಗೆ ಹೊರಟರೆ ಅಟ್ಲಾಂಟಾ ಹತ್ತೂವರೆಗೆ ಸಿಗುತ್ತದೆ. ಬೆಳಗಿನ ಆಫೀಸ್ ಟ್ರಾಫಿಕ್ ಮುಗಿದಿರುತ್ತದೆ, ಮಧ್ಯಾಹ್ನದ್ದು ಇನ್ನೂ ಶುರುವಾಗಿರುವುದಿಲ್ಲ. ಅಪ್ಪ ಅಮ್ಮನಿಗೆ ಆಸೆಯಿದ್ದರೆ ಊರಿನ ದಕ್ಷಿಣಕ್ಕೆ ರಿವರ್‌ಡೇಲ್‌ನಲ್ಲಿ ವೆಂಕಟೇಶ್ವರನ ದೇವಸ್ಥಾನವಿದೆ, ಹೆದ್ದಾರಿಯಿಂದ ದೂರವಿಲ್ಲ. ದರ್ಶನದ ಸಮಯ ಮೊದಲೇ ನೋಡಿಕೊಳ್ಳಿ. ಅಲ್ಲಿನ ಪಾರ್ಕಿಂಗನ್ನು ರಾತ್ರಿ ತಂಗುವ ಜಾಗವೆಂದು ಮಾತ್ರ ಲೆಕ್ಕ ಹಾಕಬೇಡಿ. ಮೇಕನ್ ಬಂದಾಗ ಐ-475 ಹಿಡಿದರೆ ಊರು ತಪ್ಪಿಸಬಹುದು. ಅಂದಿನ ರಾತ್ರಿಗೆ ಕಾರ್ಡೀಲ್ ಬಳಿಯ ಜಾರ್ಜಿಯಾ ವೆಟರನ್ಸ್ ಸ್ಟೇಟ್ ಪಾರ್ಕ್, ಎಕ್ಸಿಟ್ 101ರಿಂದ ಪಶ್ಚಿಮಕ್ಕೆ. ಬ್ಲ್ಯಾಕ್‌ಶಿಯರ್ ಕೆರೆಯ ದಡದಲ್ಲಿ ಕರೆಂಟ್, ನೀರು ಎರಡೂ ಇರುವ ಸೈಟುಗಳು, ಜೊತೆಗೆ ಹಳೆಯ ಯುದ್ಧವಿಮಾನ, ಟ್ಯಾಂಕುಗಳ ಪ್ರದರ್ಶನ. ಅಲ್ಲಿಂದ ಒರ್ಲ್ಯಾಂಡೊ ಸುಮಾರು 300 ಮೈಲಿ, ನಾಲ್ಕನೆಯ ದಿನ ಆರಾಮವಾಗಿ ಮುಟ್ಟಬಹುದು.

ಕಾರ್ಡೀಲ್ ಅನ್ನು ಆರಿಸಿದ್ದು ನೀರಿಗಾಗಿ. ಡಿಸೆಂಬರ್‌ನಲ್ಲಿ ಮಿಶಿಗನ್‌ನಲ್ಲಿ ಸಿಗುವ ಗಾಡಿಯ ಪೈಪುಗಳಲ್ಲಿ ನೀರಿನ ಬದಲು ಗುಲಾಬಿ ಬಣ್ಣದ ಆರ್‌ವಿ ಆಂಟಿಫ್ರೀಜ್ (ಚಳಿಗೆ ಪೈಪು ಒಡೆಯದಂತೆ ಕಾಯುವ ದ್ರವ) ತುಂಬಿರುತ್ತದೆ. ಅದನ್ನು ಅಲ್ಲಿಯವರೆಗೆ ಮುಟ್ಟಬೇಡಿ. ಓಡುತ್ತಿರುವಾಗ ಫರ್ನೇಸ್ ಸಾಮಾನ್ಯವಾಗಿ ಆರಿರುತ್ತದೆ, ನೆಲದಡಿಯ ಪೈಪಿಗೆ ತಣ್ಣನೆ ಗಾಳಿ ಬಡಿಯುತ್ತದೆ. ಒಂದು ಪೈಪ್ ಒಡೆದರೂ ನಿಮ್ಮ ಡಿಪಾಸಿಟ್ ಹೋಯಿತು. ಕುಡಿಯಲು, ಅಡುಗೆಗೆ ಅಂಗಡಿಯ ಕ್ಯಾನ್ ನೀರು ಒಳಗೇ ಇಟ್ಟುಕೊಳ್ಳಿ. ಆರು ಜನಕ್ಕೆ ದಿನಕ್ಕೆ 6 ಗ್ಯಾಲನ್ ಹಿಡಿಯಿರಿ, ಪಾತ್ರೆಯ ಬದಲು ಪೇಪರ್ ತಟ್ಟೆ. ಟಾಯ್ಲೆಟ್ ಬಳಸಬಹುದು, ಫ್ಲಶ್ ಮಾಡಲು ಪ್ರತಿ ಸಲ ಒಂದು ಲೋಟ ಆಂಟಿಫ್ರೀಜ್ ಸುರಿಯಿರಿ. ನಮ್ಮ ಮನೆಗಳಲ್ಲಿ ಚೊಂಬಿನ ನೀರೂ ಬೇಕಲ್ಲ, ಆ ನೀರು ಕೆಳಗಿನ ಬ್ಲ್ಯಾಕ್ ಟ್ಯಾಂಕಿನಲ್ಲಿ (ಶೌಚದ ಟ್ಯಾಂಕ್) ಆಂಟಿಫ್ರೀಜನ್ನು ತೆಳುವಾಗಿಸಿ ಹೆಪ್ಪುಗಟ್ಟುವಂತೆ ಮಾಡುತ್ತದೆ. ಅದಕ್ಕೆ ಎರಡು ದಿನಕ್ಕೆ 2 ಗ್ಯಾಲನ್ ಸಾಕಾಗುವ ಕಡೆ 4 ಗ್ಯಾಲನ್ ತನ್ನಿ. ಆದಷ್ಟೂ ಪೆಟ್ರೋಲ್ ಬಂಕಿನ, ಕ್ಯಾಂಪ್‌ಗ್ರೌಂಡಿನ ಶೌಚಾಲಯ ಬಳಸಿ. ಖರೀದಿಸುವಾಗ ಡಬ್ಬದ ಮೇಲೆ ಪ್ರೊಪಿಲೀನ್ ಗ್ಲೈಕಾಲ್ ಎಂದಿರಲಿ. ಕಾರಿನ ರೇಡಿಯೇಟರ್‌ಗೆ ಹಾಕುವುದು ಎಥಿಲೀನ್ ಗ್ಲೈಕಾಲ್, ಅದು ವಿಷ.

ಕಾರ್ಡೀಲ್‌ನಲ್ಲಿ ರಾತ್ರಿಯ ಕನಿಷ್ಠ 35 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಮೇಲಿದ್ದರೆ ಪೈಪುಗಳಿಗೆ ನೀರು ಹಾಯಿಸಿ. ದಕ್ಷಿಣ ಜಾರ್ಜಿಯಾದಲ್ಲೂ ಕೆಲವು ರಾತ್ರಿ ಹೆಪ್ಪುಗಟ್ಟುವ ಚಳಿ ಬೀಳುತ್ತದೆ, ಹಾಗಿದ್ದರೆ ಫ್ಲಾರಿಡಾವರೆಗೆ ಕಾಯಿರಿ. ಪ್ರತಿ ನಲ್ಲಿ, ಶವರ್, ಟಾಯ್ಲೆಟ್‌ಗಳಲ್ಲಿ ಗುಲಾಬಿ ಬಣ್ಣ ಹೋಗುವವರೆಗೆ ನೀರು ಬಿಡಿ, ನಂತರ ವಾಟರ್ ಹೀಟರಿನೊಳಗೆ ಆಂಟಿಫ್ರೀಜ್ ಹೋಗದಂತೆ ತಡೆಯುವ ಬೈಪಾಸ್ ವಾಲ್ವ್ ತಿರುಗಿಸಿ ಅದರ ಟ್ಯಾಂಕ್ ತುಂಬಿಸಿ. ತುಂಬಿದ್ದು ಖಾತ್ರಿಯಾಗದೆ ಹೀಟರ್ ಸ್ವಿಚ್ ಹಾಕಿದರೆ ಎಲಿಮೆಂಟ್ ಸುಟ್ಟುಹೋಗುತ್ತದೆ. ನೀರಿನ ಟ್ಯಾಂಕಿನ ಶುದ್ಧೀಕರಣಕ್ಕೆ 15 ಗ್ಯಾಲನ್ ನೀರಿಗೆ ಕಾಲು ಕಪ್ ವಾಸನೆರಹಿತ ಬ್ಲೀಚ್, ರಾತ್ರಿಯಿಡೀ ಬಿಟ್ಟು ಬೆಳಗ್ಗೆ ಚೆಲ್ಲಿ, ತೊಳೆಯಿರಿ.

ಕರೆಂಟ್ ಇರುವ ಸೈಟಿನಲ್ಲೂ ಒಂದು ಮಿತಿಯಿದೆ. 30 ಆಂಪ್ ಅಂದರೆ ಒಟ್ಟು 3,600 ವಾಟ್. 1,500 ವಾಟಿನ ಹೀಟರ್ ಒಂದೇ 12.5 ಆಂಪ್ ತಿನ್ನುತ್ತದೆ. ಗಾಡಿಯೊಳಗಿನ ಒಂದೊಂದು ಸರ್ಕ್ಯೂಟಿನ ಮಿತಿ 30 ಆಂಪ್‌ಗಿಂತ ಕಡಿಮೆ, ಹಾಗಾಗಿ ಅದೇ ಸರ್ಕ್ಯೂಟಿಗೆ ಎಲೆಕ್ಟ್ರಿಕ್ ಕುಕ್ಕರನ್ನೂ ಸೇರಿಸಿದರೆ ಬ್ರೇಕರ್ ಬೀಳುತ್ತದೆ. ಅನ್ನ ಆಗುವವರೆಗೆ ಹೀಟರ್ ಆರಿಸಿ, ಫರ್ನೇಸ್ ಓಡಲಿ. ಅನ್ನ, ಸಾರು, ಇಡ್ಲಿ ಅಂತ ಒಳಗೆ ಆವಿ ಎಬ್ಬಿಸಿದರೆ ಬೆಳಗ್ಗೆ ಕಿಟಕಿ, ಗೋಡೆ, ಹಾಸಿಗೆಯಡಿ ಎಲ್ಲಾ ತೊಯ್ದಿರುತ್ತದೆ. ಮೇಲ್ಛಾವಣಿಯ ವೆಂಟ್ ಒಂದು ಇಂಚು ತೆರೆದಿಡಿ. ಅಪ್ಪ ಅಮ್ಮನಿಗೆ ಹಿಂಬದಿಯ ಮಂಚ ಕೊಡಿ. ಡ್ರೈವರ್ ತಲೆಯ ಮೇಲಿನ ಮಂಚ ಗಾಡಿಯಲ್ಲೇ ಅತಿ ತಣ್ಣನೆಯ ಜಾಗ, ರಾತ್ರಿ ಏಣಿ ಇಳಿಯುವುದೂ ಕಷ್ಟ. ಸೀಟ್ ಬೆಲ್ಟ್ ಆರು ಇವೆಯೇ ಎಂದು ಎಣಿಸಿ ನೋಡಿಯೇ ಬಾಡಿಗೆ ಪತ್ರಕ್ಕೆ ಸಹಿ ಹಾಕಿ.

ಪ್ರೊಪೇನ್ ಒಂದು ರಾತ್ರಿಗೆ ಎರಡೂಕಾಲು ಗ್ಯಾಲನ್ ಹೋಗಬಹುದು. ಗಾಡಿಗೇ ಜೋಡಿಸಿದ ಟ್ಯಾಂಕ್ ಆದ್ದರಿಂದ ಸಿಲಿಂಡರ್ ಬದಲಾಯಿಸುವಂತಿಲ್ಲ, ತುಂಬಿಸುವವರೇ ಬೇಕು, ರಾತ್ರಿ ಅವರು ಸಿಗುವುದು ಕಡಿಮೆ. ಅರ್ಧಕ್ಕೆ ಇಳಿದ ಕೂಡಲೇ ಹಗಲಿನಲ್ಲೇ ತುಂಬಿಸಿ.

ವಾಲ್‌ಮಾರ್ಟ್ ವಿಷಯ: ಎಲ್ಲಾ ಅಂಗಡಿಗಳೂ ಬಿಡುವುದಿಲ್ಲ, ಆಯಾ ಅಂಗಡಿಯ ಮ್ಯಾನೇಜರ್ ಹೇಳಿದ್ದೇ ಕೊನೆ. ಸಂಜೆಯೊಳಗೆ ಫೋನ್ ಮಾಡಿ ಕೇಳಿ. ಕ್ರ್ಯಾಕರ್ ಬ್ಯಾರೆಲ್ ರೆಸ್ಟೋರೆಂಟುಗಳಲ್ಲೂ ಕೇಳಬಹುದು. ಹಾರ್ವೆಸ್ಟ್ ಹೋಸ್ಟ್ಸ್ ಸದಸ್ಯತ್ವದಿಂದ ತೋಟ, ಫಾರ್ಮ್‌ಗಳಲ್ಲಿ ಒಂದು ರಾತ್ರಿ ತಂಗಬಹುದು, ಆದರೆ ಅಲ್ಲಿ ಬಹುಪಾಲು ಕರೆಂಟ್ ಇರುವುದಿಲ್ಲ. ಇವೆಲ್ಲ ಮೇಕನ್‌ನಿಂದ ಕೆಳಗೆ ಸರಿ. ಹೆದ್ದಾರಿ ಬದಿಯ ರೆಸ್ಟ್ ಏರಿಯಾ ರಾತ್ರಿಗೆ ಆಗದು: ಟೆನೆಸ್ಸಿಯಲ್ಲಿ ಎರಡು ಗಂಟೆ, ಫ್ಲಾರಿಡಾದಲ್ಲಿ ಮೂರು ಗಂಟೆ, ಅಷ್ಟೇ ಮಿತಿ.

ಒರ್ಲ್ಯಾಂಡೊ ಸೈಟನ್ನು ಎಲ್ಲಕ್ಕಿಂತ ಮೊದಲು ಬುಕ್ ಮಾಡಿ. ಫ್ಲಾರಿಡಾ ಸ್ಟೇಟ್ ಪಾರ್ಕುಗಳಲ್ಲಿ 2024ರಿಂದ ಆ ರಾಜ್ಯದವರಿಗೆ 11 ತಿಂಗಳು ಮುಂಚೆ, ಹೊರಗಿನವರಿಗೆ 10 ತಿಂಗಳು ಮುಂಚೆ ಬುಕಿಂಗ್ ತೆರೆಯುತ್ತದೆ, ಕ್ರಿಸ್‌ಮಸ್ ವಾರ ಬೇಗ ಭರ್ತಿ. ಈಗ ಸಿಗದಿದ್ದರೆ ರದ್ದಾದ ಸೈಟುಗಳಿಗೆ ದಿನಾ ಕಣ್ಣಿಡಿ. ಐ-75ರ ಎಕ್ಸಿಟ್ 439 ಬಳಿ ವೈಟ್ ಸ್ಪ್ರಿಂಗ್ಸ್‌ನ ಸ್ಟೀಫನ್ ಫಾಸ್ಟರ್ ಸ್ಟೇಟ್ ಪಾರ್ಕನ್ನೂ ನೋಡಿ.

ವಾಪಸ್ ಬರುವಾಗ ಇದೇ ಕೆಲಸವನ್ನು ತಿರುವುಮುರುವಾಗಿ ಮಾಡಬೇಕು, ಹಲವರು ಮರೆಯುವುದು ಇದನ್ನೇ. ಕಾರ್ಡೀಲ್ ಬಿಡುವ ಮುನ್ನ ಎಲ್ಲಾ ಟ್ಯಾಂಕ್ ಖಾಲಿ ಮಾಡಿ, ಹೀಟರ್ ಬೈಪಾಸ್ ಮಾಡಿ, ಪಂಪಿನಿಂದ 2-3 ಗ್ಯಾಲನ್ ಆಂಟಿಫ್ರೀಜ್ ಎಳೆದು ಪ್ರತಿ ನಲ್ಲಿಯಲ್ಲೂ ಗುಲಾಬಿ ಬರುವವರೆಗೆ ಬಿಡಿ. ಸಿಂಕ್, ಬಚ್ಚಲ ತೂಬಿಗೂ ಒಂದೊಂದು ಕಪ್ ಸುರಿಯಿರಿ. ಗಾಡಿಯ ಹೊರಬದಿಯಲ್ಲಿ ಮುಚ್ಚಳದೊಳಗೆ ಇನ್ನೊಂದು ಶವರ್ ಇದ್ದರೆ ಅದರ ಬಿಸಿ, ತಣ್ಣೀರು ಎರಡೂ ನಲ್ಲಿಗಳನ್ನು ತಿರುಗಿಸಲು ಮರೆಯಬೇಡಿ. ಇದನ್ನು ನೀವೇ ಮಾಡಬಹುದೇ, ಬೈಪಾಸ್ ವಾಲ್ವ್ ಎಲ್ಲಿದೆ ಎಂದು ಗಾಡಿ ತೆಗೆದುಕೊಳ್ಳುವ ದಿನವೇ ಬಾಡಿಗೆಯವರನ್ನು ಕೇಳಿ, ತೋರಿಸಿಕೊಂಡು, ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.