ರಾತ್ರಿ ಒಂದೂವರೆಗೆ ಬಳ್ಳಾರಿಯಲ್ಲಿ ರಿಂಗಾಗುತ್ತಿದ್ದ ಫೋನು

ತಂಗಿ,

ನಿನ್ನ ಮೆಸೇಜು ಎರಡು ಸಲ ಓದಿದೆ. ಯಜಮಾನರಿಗೆ ಲೀಡ್ಸ್‌ನಲ್ಲಿ ಕೆಲಸ ಆಗಿದೆ, ಇನ್ನು ಎರಡು ತಿಂಗಳಲ್ಲಿ ಸಿಂಧನೂರು ಬಿಟ್ಟು ಬರುತ್ತೀರಿ. ಬಾಡಿಗೆ, ಚಳಿ, ಜೋಳದ ಹಿಟ್ಟು ಎಲ್ಲ ಕೇಳಿದ್ದೀಯ. ಕೊನೆಯಲ್ಲಿ ಮಾತ್ರ, ಬರೆಯಲೋ ಬೇಡವೋ ಅನ್ನುವ ಹಾಗೆ, ಇನ್ನೊಂದು ಮಾತು. ಮಗನಿಗೆ ಏಳು ವರ್ಷ. ಕೈ ತೊಳೆಯಲು ನಿಂತರೆ ಬರುವುದಿಲ್ಲ. 'ಅಮ್ಮಾ, ನಂಗೇನೂ ಆಗಲ್ಲ ಅಲ್ವಾ' ಅಂತ ದಿನವಿಡೀ ಕೇಳುತ್ತಾನೆ. ಓಸಿಡಿ, ಅಂದರೆ ಬೇಡದ ಯೋಚನೆ ಬಿಡದೆ ಕಾಡಿ ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಕಾಯಿಲೆ, ಅಂತ ಡಾಕ್ಟರ್ ಹೇಳಿದ್ದಾರೆ. 'ಅಲ್ಲಿಗೆ ಬಂದರೆ ಸರಿ ಹೋಗುತ್ತೆ ಅಲ್ವಾ ಅಕ್ಕಾ?'

ಅಕ್ಕಾ ಅಂತ ಕರೆದಿದ್ದೀಯ, ಅದಕ್ಕೆ ನೀನು ಅಂತಲೇ ಬರೆಯುತ್ತೇನೆ. ನಾನು ಬಳ್ಳಾರಿಯವಳು. ಕೌಲ್‌ಬಜಾರಿನಲ್ಲಿ ಹುಟ್ಟಿ ಬೆಳೆದೆ. 2016ರಿಂದ ಇಂಗ್ಲೆಂಡಿನಲ್ಲಿದ್ದೇನೆ. ನನ್ನ ಮಗಳಿಗೂ ಓಸಿಡಿ ಇದೆ.

ಬೇರೆ ಪ್ರಶ್ನೆಗಳನ್ನು ಬೇಗ ಮುಗಿಸುತ್ತೇನೆ. ಬಾಡಿಗೆ ಊರಿನ ಯಾವ ಭಾಗ ಅನ್ನುವುದರ ಮೇಲೆ ಹೋಗುತ್ತೆ, ಯಜಮಾನರ ಜೊತೆ ಕೆಲಸ ಮಾಡುವವರನ್ನೇ ಕೇಳಿ. ಜೋಳದ ಹಿಟ್ಟು ಇಂಡಿಯನ್ ಅಂಗಡಿಯಲ್ಲಿ ಸಿಗುತ್ತೆ. ಆದರೆ ಹಳೇ ಹಿಟ್ಟಾದರೆ ಜಿಗಿ ಇರಲ್ಲ, ರೊಟ್ಟಿ ತಟ್ಟುವಾಗಲೇ ಬಿರಿಯುತ್ತೆ. ಮೊದಲ ತಿಂಗಳಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಕಟ್ಟಿಕೊಂಡು ಬಾ. ಚಳಿಗಿಂತ ಕತ್ತಲೆ ಕಷ್ಟ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಹೊತ್ತು ಮುಳುಗುತ್ತೆ. ರಾಯಚೂರಿನ ಬಿಸಿಲಿಗೆ ಬೈದದ್ದೆಲ್ಲ ನೆನಪಾಗುತ್ತೆ.

ಈಗ ಮಗನ ಮಾತು.

ಇಲ್ಲಿಗೆ ಬಂದ ಮಾತ್ರಕ್ಕೆ ಸರಿ ಹೋಗಲ್ಲ. ಊರು ಬಿಟ್ಟಿದ್ದಕ್ಕೆ ಹುಟ್ಟುವ ಕಾಯಿಲೆಯೂ ಅಲ್ಲ ಅದು. ನೀನು ಬೆಳೆಸಿದ್ದರಲ್ಲಿ ಏನೋ ತಪ್ಪಾಗಿ ಬಂದದ್ದೂ ಅಲ್ಲ. ಊರು ಬದಲಾದರೆ ಭಯ ಹಿಡಿದುಕೊಳ್ಳುವ ಕೊಂಬೆ ಬದಲಾಗುತ್ತೆ, ಅಷ್ಟೇ. ನಮ್ಮ ಓಣಿಯಲ್ಲಿ ನಲ್ಲಿ ನೀರು ವಾರಕ್ಕೊಮ್ಮೆ ಬರುತ್ತಿತ್ತು. ಡ್ರಮ್ಮು, ಕೊಡ, ಬಕೆಟ್ಟು ಎಲ್ಲ ತುಂಬಿಸಿ ಇಡಬೇಕು. ಮಗಳು ಎರಡನೇ ಸಲ ಕೈ ತೊಳೆಯಲು ಹೋದರೆ 'ನೀರು ಖಾಲಿಯಾದೀತು' ಅಂತ ಅವ್ವ ಕೂಗುತ್ತಿದ್ದಳು, ಅಲ್ಲಿಗೆ ನಿಲ್ಲುತ್ತಿತ್ತು. ಅವಳಿಗೆ ಶುಚಿ ಜಾಸ್ತಿ ಅಂತ ನಾವು ಖುಷಿಪಟ್ಟಿದ್ದೆವು. ಇಲ್ಲಿ ನಲ್ಲಿ 24 ಗಂಟೆ ಹರಿಯುತ್ತೆ, ಬಿಸಿನೀರೂ ಬರುತ್ತೆ. ಮೊದಲ ಚಳಿಗಾಲದಲ್ಲಿ ಅವಳ ಬೆರಳ ಗಿಣ್ಣುಗಳು ಒಡೆದು ರಕ್ತ ಬರುತ್ತಿತ್ತು. ನಿನ್ನ ಮಗನಿಗೂ ಹೀಗಾಗಬಹುದು, ಗಾಬರಿಯಾಗಬೇಡ.

ಆದರೆ ಕೈ ತೊಳೆಯುವುದು ನಮಗೆ ಅಷ್ಟು ದೊಡ್ಡದಾಗಿ ಬೆಳೆಯಲಿಲ್ಲ. ದೊಡ್ಡದಾಗಿದ್ದು ಫೋನು.

2017ರ ನವೆಂಬರು. ಮಗಳಿಗೆ ಏಳು ವರ್ಷ. ಒಂದು ರಾತ್ರಿ ಮಲಗಿಸುವಾಗ 'ಅಜ್ಜಿ ಸತ್ತೋದ್ರೆ?' ಅಂದಳು. ಏನೂ ಆಗಲ್ಲ, ಮಲಗು ಅಂದೆ. ನಿದ್ದೆ ಬರಲಿಲ್ಲ. ವಿಡಿಯೊ ಕಾಲ್ ಮಾಡಿ ತೋರಿಸಿದೆ. ಅಜ್ಜಿ ನಕ್ಕಳು, ಮಗಳು ಮಲಗಿದಳು. ಸಮಾಧಾನ ಆಯ್ತಲ್ಲ ಅಂದುಕೊಂಡೆ. ಮರುದಿನ ಮತ್ತೆ. ಒಂದು ವಾರಕ್ಕೆ ಅದು ಕಟ್ಟಳೆಯಾಯಿತು. ಅಜ್ಜಿ ಮೂರು ಸಲ 'ಚೆನ್ನಾಗಿದ್ದೀನಿ' ಅನ್ನಬೇಕು. ನಡುವೆ ಕೆಮ್ಮಿದರೆ ಮೊದಲಿಂದ. ನೆಟ್‌ವರ್ಕ್ ಹೋಗಿ ಮುಖ ನಿಂತುಬಿಟ್ಟರೆ ಮೊದಲಿಂದ. ಆಮೇಲೆ ಬಾಗಿಲ ಚಿಲಕ ನಾಲ್ಕು ಸಲ ಮುಟ್ಟಬೇಕು, ಇಲ್ಲದಿದ್ದರೆ ಅಜ್ಜಿ ಸಾಯುತ್ತಾಳೆ.

ಇಲ್ಲಿ ರಾತ್ರಿ ಎಂಟು ಗಂಟೆ ಅಂದರೆ ಚಳಿಗಾಲದಲ್ಲಿ ಬಳ್ಳಾರಿಯಲ್ಲಿ ಒಂದೂವರೆ. ಅರವತ್ತೆಂಟು ವರ್ಷದ ಅವ್ವ ದಿನಾ ಆ ಹೊತ್ತಿಗೆ ಎದ್ದು, ಮುಖ ತೊಳೆದು, ತಲೆ ಬಾಚಿ, ಲೈಟ್ ಹಾಕಿಕೊಂಡು ಮೊಮ್ಮಗಳಿಗಾಗಿ ಕೂರುತ್ತಿದ್ದಳು. ಸುಸ್ತಾದ ಹಾಗೆ ಕಂಡರೆ ಮಗು ಹೆದರುತ್ತೆ ಅಂತ. ಐದು ತಿಂಗಳು ಹೀಗೇ ನಡೆಯಿತು. ಒಂದು ದಿನವೂ ಅವಳು ಬೇಸರ ಮಾಡಿಕೊಳ್ಳಲಿಲ್ಲ. ನಾವೆಲ್ಲ ಇದನ್ನು ಪ್ರೀತಿ ಅಂದುಕೊಂಡಿದ್ದೆವು. ಪ್ರೀತಿಯೇ ಅದು. ಆದರೆ ಆ ಪ್ರೀತಿಯನ್ನೇ ತಿಂದು ಕಾಯಿಲೆ ಬೆಳೆಯುತ್ತಿತ್ತು.

ಇದು ನನಗೆ ಅರ್ಥವಾಗಲು ತುಂಬಾ ಕಾಲ ಹಿಡಿಯಿತು, ಅದಕ್ಕೆ ನಿನಗೆ ಬಿಡಿಸಿ ಹೇಳುತ್ತೇನೆ. ಮಗುವಿನ ತಲೆಯಲ್ಲಿ ಬೇಡದ ಯೋಚನೆ ಬರುತ್ತೆ, ಭಯ ಏರುತ್ತೆ. ಕೈ ತೊಳೆದರೆ, ಮುಟ್ಟಿದರೆ, ಅಮ್ಮನನ್ನು ಕೇಳಿದರೆ ಭಯ ಇಳಿಯುತ್ತೆ. ಆಗ ಅದರ ಮನಸ್ಸು ಕಲಿಯುವುದು ಏನು? 'ನಾನು ಹಾಗೆ ಮಾಡಿದ್ದಕ್ಕೇ ಬಚಾವಾದೆ' ಅಂತ. ಮುಂದಿನ ಸಲ ಭಯ ಬೇಗ ಬರುತ್ತೆ, ಜಾಸ್ತಿ ಕೇಳುತ್ತೆ. ನಾವು ಪ್ರತಿ ಸಲ 'ಏನೂ ಆಗಲ್ಲ' ಅಂದಾಗಲೂ ಅದಕ್ಕೆ ಒಂದು ತುತ್ತು ಹಾಕಿದ ಹಾಗೆ. ಭಯ ತಾನಾಗಿ ಏರಿ ತಾನಾಗಿ ಇಳಿಯಲು ಬಿಡಬೇಕು. ಕೈ ತೊಳೆಯದೆ, ಕೇಳದೆ, ಫೋನು ಮಾಡದೆ. ಚಿಕಿತ್ಸೆ ಇರುವುದೇ ಇದರಲ್ಲಿ. ಇಲ್ಲಿ ಇಆರ್‌ಪಿ ಅನ್ನುತ್ತಾರೆ. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಎಂಬ ಮನೋವಿಜ್ಞಾನಿ ಈ ದಾರಿಯಲ್ಲಿ ಚಿಕಿತ್ಸೆ ಕೊಟ್ಟು ಬರೆದಿದ್ದ. ಮಕ್ಕಳಿಗೆ ಇದನ್ನು ಮನೆಯವರನ್ನು ಸೇರಿಸಿಕೊಂಡೇ ಕೊಡಬೇಕು ಅಂತ ಇಲ್ಲಿನ ಸರ್ಕಾರಿ ಮಾರ್ಗಸೂಚಿ 2005ರಿಂದಲೂ ಹೇಳುತ್ತಿದೆ.

ಗದರಿಸಿ ನಿಲ್ಲಿಸುವುದು ಇಆರ್‌ಪಿ ಅಲ್ಲ, ಇದನ್ನು ಚೆನ್ನಾಗಿ ನೆನಪಿಟ್ಟುಕೋ. ನಲ್ಲಿ ಬಂದ್ ಮಾಡಿ, ಕೈ ಹಿಡಿದು ಎಳೆದು ತರುವುದಲ್ಲ. ಮಗು ಒಪ್ಪಬೇಕು, ಸಣ್ಣದರಿಂದ ಶುರುವಾಗಬೇಕು.

ನಮಗೆ ಸಿಕ್ಕ ಥೆರಪಿಸ್ಟ್ ಒಬ್ಬ ಇಂಗ್ಲಿಷ್ ಹೆಂಗಸು. ಮೊದಲ ದಿನವೇ ಮಗಳಿಗೆ 'ಈ ತೊಂದರೆ ಕೊಡುವವನಿಗೆ ಒಂದು ಹೆಸರಿಡು' ಅಂದರು. ಮಗಳು 'ಗುಮ್ಮ' ಅಂದಳು. ಊರಲ್ಲಿ ಊಟ ಮಾಡದಿದ್ದಾಗ ಅಜ್ಜಿ ಕರೆಯುತ್ತಿದ್ದ ಗುಮ್ಮ. ಆ ಥೆರಪಿಸ್ಟ್ ಎರಡು ಮ ಸರಿಯಾಗಿ ಬರುವ ತನಕ ಹೇಳಿ ಹೇಳಿ ಕಲಿತರು. ಅಂದಿನಿಂದ ಮನೆಯಲ್ಲಿ ತಪ್ಪು ಮಗಳದ್ದಲ್ಲ, ಗುಮ್ಮನದ್ದು. ಆಮೇಲೆ ಚಾರ್ಟ್ ಹಾಳೆಯ ಮೇಲೆ ಒಂದು ಏಣಿ ಬರೆಸಿದರು. ಕೆಳಗಿನ ಮೆಟ್ಟಿಲಲ್ಲಿ ಕಡಿಮೆ ಭಯದ್ದು, ಮೇಲೆ ಜಾಸ್ತಿ ಭಯದ್ದು. ಚಿಲಕ ನಾಲ್ಕರ ಬದಲು ಮೂರು ಸಲ ಮುಟ್ಟುವುದು, ಅಜ್ಜಿ ಒಂದೇ ಸಲ 'ಚೆನ್ನಾಗಿದ್ದೀನಿ' ಅನ್ನುವುದು, ಫೋನು ಹತ್ತು ನಿಮಿಷ ತಡವಾಗಿ ಮಾಡುವುದು. ತುತ್ತತುದಿಯಲ್ಲಿ ಮಗಳೇ ಬರೆದಳು: ಅಜ್ಜಿ ಫೋನು ಎತ್ತಲ್ಲ.

ಆ ಮೆಟ್ಟಿಲಿಗೆ ಬರಲು ಹತ್ತು ವಾರ ಆಯಿತು. ಅವ್ವನಿಗೆ ಮೊದಲೇ ಹೇಳಿದ್ದೆವು. ಮಗಳಿಗೂ ಗೊತ್ತಿತ್ತು. ಅವಳೇ ಫೋನು ಮಾಡಿದಳು. ರಿಂಗಾಯಿತು, ರಿಂಗಾಯಿತು, ನಿಂತಿತು. ಅವಳ ಮುಖ ಬಿಳುಚಿಕೊಂಡಿತು. 'ಅಮ್ಮಾ, ಅಜ್ಜಿ ಇದ್ದಾಳೆ ಅಲ್ವಾ? ಒಂದೇ ಸಲ ಹೇಳು.' ನನಗೆ ಹೇಳಿಕೊಟ್ಟಿದ್ದ ಮಾತು ಇಷ್ಟೇ: 'ಇದು ಗುಮ್ಮ ಕೇಳ್ತಿರೋದು. ಗುಮ್ಮನಿಗೆ ನಾನು ಉತ್ತರ ಕೊಡಲ್ಲ. ನಿನ್ನ ಪಕ್ಕ ಕೂತಿರ್ತೀನಿ.' ಅದನ್ನೇ ಹೇಳಿದೆ. ನಲವತ್ತು ನಿಮಿಷ ಅತ್ತಳು. ನಮ್ಮ ಮನೆಯವರಿಗೆ ನೋಡಲಾಗದೆ ಹಿತ್ತಲಿಗೆ ಹೋಗಿ ನಿಂತರು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದೆ. ನಿಧಾನಕ್ಕೆ ಬಿಕ್ಕಳಿಕೆ ಕಡಿಮೆಯಾಯಿತು, ಮೈ ಸಡಿಲವಾಯಿತು, ನಿದ್ದೆ ಬಂತು. ಯಾರೂ ಏನೂ ಹೇಳದೆ ಅವಳ ಭಯ ಇಳಿದದ್ದನ್ನು ಐದು ತಿಂಗಳಲ್ಲಿ ಅವತ್ತೇ ನೋಡಿದ್ದು.

ಅಲ್ಲಿ ಬಳ್ಳಾರಿಯಲ್ಲಿ ಅವ್ವ ಮಂಚದ ಮೇಲೆ ಕೂತು, ಮಡಿಲಲ್ಲಿ ಫೋನಿಟ್ಟುಕೊಂಡು, ಅದು ರಿಂಗಾಗುವುದನ್ನು ನೋಡುತ್ತಾ ಸೆರಗು ಬಾಯಿಗಿಟ್ಟುಕೊಂಡಿದ್ದಳಂತೆ. ಎಷ್ಟೋ ದಿನ ಆದ ಮೇಲೆ ಹೇಳಿದಳು. ಇಡೀ ಚಿಕಿತ್ಸೆಯಲ್ಲಿ ಎಲ್ಲರಿಗಿಂತ ಕಷ್ಟದ ಕೆಲಸ ಮಾಡಿದವಳು ಅವಳೇ ಅಂತ ನನ್ನ ಅನಿಸಿಕೆ.

ನಿನ್ನ ಮೆಸೇಜಿನಲ್ಲಿ 'ಅಲ್ವಾ ಅಕ್ಕಾ' ನಾಲ್ಕು ಸಲ ಬಂದಿದೆ. ಓದುವಾಗ ನನ್ನ ಕಣ್ಣು ತುಂಬಿತು. ನಾನೂ ಆಗ ಸಿಕ್ಕಸಿಕ್ಕವರನ್ನೆಲ್ಲ ಹಾಗೇ ಕೇಳುತ್ತಿದ್ದೆ. ಎಲ್ಲ ಸರಿ ಹೋಗುತ್ತೆ ಅಂತ ನಾನು ಮಾತು ಕೊಡಲಾರೆ ತಂಗಿ. ತುಂಬಾ ಮಕ್ಕಳಿಗೆ ಈ ಚಿಕಿತ್ಸೆಯಿಂದ ಚೆನ್ನಾಗಿ ಅನುಕೂಲ ಆಗುತ್ತೆ, ಇಷ್ಟು ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಮಗಳಿಗೆ ಈಗ 15. ಪರೀಕ್ಷೆ ಬಂದಾಗ ಗುಮ್ಮ ಇಣುಕುತ್ತಾನೆ. ಅವಳೇ ಏಣಿ ಬರೆದುಕೊಳ್ಳುತ್ತಾಳೆ.

ಇಲ್ಲಿನ ವ್ಯವಸ್ಥೆ ಬಗ್ಗೆ. ಹೆಲ್ತ್ ಅಂಡ್ ಕೇರ್ ವೀಸಾ ಅಲ್ಲದಿದ್ದರೆ ನೀವು ವೀಸಾ ಜೊತೆಗೇ ಹೆಲ್ತ್ ಸರ್ಚಾರ್ಜ್ ಕಟ್ಟಿರುತ್ತೀರಿ, ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡು, ಮಕ್ಕಳಿಗೆ 776. ಹಾಗಾಗಿ ಎನ್‌ಎಚ್‌ಎಸ್, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಮಗನ ಚಿಕಿತ್ಸೆಗೆ ಬೇರೆ ದುಡ್ಡಿಲ್ಲ. 16ರ ಒಳಗಿನ ಮಕ್ಕಳಿಗೆ ಇಂಗ್ಲೆಂಡಿನಲ್ಲಿ ಔಷಧಿಯೂ ಪುಕ್ಕಟೆ. ಬಂದ ವಾರವೇ ಜಿಪಿ ಅಂದರೆ ಓಣಿಯ ಡಾಕ್ಟರ ಹತ್ತಿರ ಹೆಸರು ಬರೆಸು. ಅವರು ಕ್ಯಾಮ್ಸ್ ಅನ್ನುವ ಮಕ್ಕಳ ಮಾನಸಿಕ ಆರೋಗ್ಯ ವಿಭಾಗಕ್ಕೆ ಕಳಿಸುತ್ತಾರೆ. ಅಲ್ಲಿ ಕಾಯಬೇಕು. ತಿಂಗಳುಗಟ್ಟಲೆ ಆಗಬಹುದು. ನಮಗೆ ಮೊದಲು ಸಿಕ್ಕ ಡಾಕ್ಟರು 'ಮಕ್ಕಳಲ್ಲಿ ಇದೆಲ್ಲ ಇದ್ದದ್ದೇ' ಅಂತ ವಾಪಸ್ ಕಳಿಸಿದರು, ನಾನೂ ಸುಮ್ನೆ ಬಂದುಬಿಟ್ಟೆ. ಅದರಲ್ಲಿ ಎರಡು ತಿಂಗಳು ಹೋಯಿತು. ನೀನು ಹಾಗೆ ಬರಬೇಡ. ದಿನಕ್ಕೆ ಎಷ್ಟು ಹೊತ್ತು ಹೋಗುತ್ತೆ, ಊಟ ನಿದ್ದೆ ಶಾಲೆ ಏನು ಕೆಡುತ್ತೆ ಅಂತ ಎರಡು ವಾರ ಬರೆದಿಟ್ಟು ತೋರಿಸು. ಇಂಗ್ಲಿಷ್‌ನಲ್ಲಿ ಹೇಳುವುದು ಕಷ್ಟ ಅನ್ನಿಸಿದರೆ ಕನ್ನಡದ ದುಭಾಷಿ ಬೇಕು ಅಂತ ಕೇಳು, ಅದಕ್ಕೂ ದುಡ್ಡಿಲ್ಲ. ಮಗ ಹೆದರುವುದು ಕನ್ನಡದಲ್ಲಿ ಅಲ್ವಾ, ಅವನ ಮಾತು ಅವರಿಗೆ ಸರಿಯಾಗಿ ಮುಟ್ಟಬೇಕು.

ಶಾಲೆಯಲ್ಲಿ ಸೆನ್‌ಕೋ ಅಂತ ಒಬ್ಬ ಟೀಚರ್ ಇರುತ್ತಾರೆ, ಇಂಥ ಮಕ್ಕಳನ್ನು ನೋಡಿಕೊಳ್ಳಲು. ಅವರಿಗೆ ಮೊದಲ ದಿನವೇ ಹೇಳು. ಮುಚ್ಚಿಟ್ಟರೆ ಮಗು ಶಾಲೆಯಲ್ಲಿ ಒಬ್ಬನೇ ಒದ್ದಾಡುತ್ತಾನೆ.

ಆದರೆ ಇಲ್ಲಿಗೆ ಬರುವ ತನಕ ಕಾಯಬೇಡ. ಕೈಯಲ್ಲಿ ಎರಡು ತಿಂಗಳಿದೆ. ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಮಾನಸಿಕ ಆಸ್ಪತ್ರೆ ಇದೆ. ಬೆಂಗಳೂರಿಗೆ ಹೋಗಲು ಆದರೆ ನಿಮ್ಹಾನ್ಸ್‌ನಲ್ಲಿ ಓಸಿಡಿಗೇ ಬೇರೆ ಕ್ಲಿನಿಕ್ ಇದೆ. ಮನೆಯಿಂದಲೇ ಮಾತಾಡಬೇಕಾದರೆ ಟೆಲಿ ಮಾನಸ್ ಅನ್ನುವ ಸರ್ಕಾರಿ ಸಹಾಯವಾಣಿ ಇದೆ, 14416, ಕನ್ನಡದಲ್ಲೇ ಮಾತಾಡುತ್ತಾರೆ. ಡಾಕ್ಟರ ಕೈಲಿ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆಸಿಕೋ, ಕಾಯಿಲೆಯ ಹೆಸರು, ಯಾವಾಗಿಂದ, ಏನು ಚಿಕಿತ್ಸೆ ಎಲ್ಲ ಅದರಲ್ಲಿರಲಿ. ಮಾತ್ರೆ ಕೊಟ್ಟಿದ್ದರೆ ಕಂಪನಿ ಹೆಸರಲ್ಲ, ಔಷಧಿಯ ಮೂಲ ಹೆಸರು ಬರೆಸು. ಪ್ರಯಾಣ ಅಂತ ನೀನಾಗಿಯೇ ನಿಲ್ಲಿಸಬೇಡ.

ಒಂದು ವಿಷಯ ನನಗೆ ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು. 1985ರಲ್ಲಿ ನಿಮ್ಹಾನ್ಸ್‌ನವರು ಹಳ್ಳಿಯ ಆಸ್ಪತ್ರೆಗಳ ಡಾಕ್ಟರರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸಲು ಕಲಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. ಅದೇ ಮಾದರಿ ಇಟ್ಟುಕೊಂಡು 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಅದೇ ಊರಲ್ಲಿ ಬೆಳೆದ ನಾನು, ಮಗಳು ಕಿನ್ನಾಳದ ಬೊಂಬೆಗಳನ್ನು ಗೋಡೆಗೆ ಸಾಲಾಗಿ ನಿಲ್ಲಿಸಿ, ಒಂದು ಅಲುಗಾಡಿದರೆ ಎಲ್ಲ ತೆಗೆದು ಮತ್ತೆ ನಿಲ್ಲಿಸುವಾಗ, ಎಷ್ಟು ಅಚ್ಚುಕಟ್ಟು ಅಂತ ಫೋಟೊ ತೆಗೆದಿದ್ದೆ. ಆ ಫೋಟೊದಲ್ಲಿ ಅವಳ ಕೆನ್ನೆ ಒದ್ದೆಯಾಗಿದೆ. ಆಗ ನನಗೆ ಅದು ಕಾಣಿಸಲೇ ಇಲ್ಲ.

ನಿಮ್ಮ ಅತ್ತೆ 'ಮಡಿ ಹುಡುಗ' ಅಂತ ಹೊಗಳುತ್ತಾರೆ ಅಂದೆಯಲ್ಲ. ಅವರ ಮೇಲೆ ಸಿಟ್ಟಾಗಬೇಡ. ಮಡಿ ಬೇರೆ, ಇದು ಬೇರೆ ಅಂತ ಅವರಿಗೆ ಅವರ ಮಾತಲ್ಲೇ ಹೇಳಬಹುದು. ಮಡಿ ಉಟ್ಟವರಿಗೆ ಸ್ನಾನ ಆದ ಮೇಲೆ ಸಮಾಧಾನ ಇರುತ್ತೆ, ಪೂಜೆಗೆ ಕೂರುತ್ತಾರೆ. ಈ ಮಗುವಿಗೆ ತೊಳೆದ ಮೇಲೂ ಸಮಾಧಾನ ಇಲ್ಲ. ಹುಲಿಗೆಮ್ಮನಿಗೆ ಹರಕೆ ಹೊರಬೇಕು ಅಂದರೆ ಹೊರಲಿ, ನಮ್ಮವ್ವನೂ ಹೊತ್ತಿದ್ದಳು. ಚಿಕಿತ್ಸೆ ನಿಲ್ಲಿಸದಿದ್ದರೆ ಆಯಿತು. ಮಗುವಿನ ಎದುರು ಪಾಪ, ಶಾಪ, ಮೈಲಿಗೆ ಅನ್ನುವ ಮಾತು ಮಾತ್ರ ಬೇಡ. ಗುಮ್ಮ ಅದನ್ನೂ ಹಿಡಿದುಕೊಳ್ಳುತ್ತಾನೆ.

ನೀವು ಹೊರಡುವ ಮೊದಲು ಅತ್ತೆಯನ್ನು ಕೂರಿಸಿಕೊಂಡು ಈ ಫೋನಿನ ವಿಷಯ ಮಾತಾಡು. ಇಲ್ಲಿಗೆ ಬಂದ ಮೇಲೆ ಅಜ್ಜಿಯ ದನಿ ಕೇಳಿದರೆ ಸಾಕು ಅನ್ನುವ ಹೊತ್ತು ನಿಮಗೆಲ್ಲರಿಗೂ ಬರುತ್ತೆ. ಹಗಲಲ್ಲಿ ಸುಮ್ನೆ ಹರಟೆಗೆ ಎಷ್ಟು ಬೇಕಾದರೂ ಮಾತಾಡಲಿ. 'ಏನೂ ಆಗಲ್ಲ ಅಲ್ವಾ' ಅಂತ ಕೇಳಿದಾಗ ಏನು ಹೇಳಬೇಕು ಅನ್ನುವುದನ್ನು ಮಾತ್ರ ಡಾಕ್ಟರನ್ನು ಕೇಳಿ, ಮನೆಯವರೆಲ್ಲ ಒಂದೇ ಮಾತು ಇಟ್ಟುಕೊಳ್ಳಿ.

ನಿಮ್ಮ ಅತ್ತೆಗೆ ಇದು ಕಲ್ಲು ಮನಸ್ಸಿನ ಮಾತು ಅನ್ನಿಸಿದರೆ ನನ್ನ ಅವ್ವನ ಜೊತೆ ಮಾತಾಡಿಸು, ನಂಬರ್ ಕಳಿಸುತ್ತೇನೆ. ಅವಳು ಈಗಲೂ ಬಳ್ಳಾರಿಯಲ್ಲೇ ಇದ್ದಾಳೆ. ರಾತ್ರಿ ಬೇಗ ಮಲಗುತ್ತಾಳೆ. ಬೆಳಿಗ್ಗೆ ಹತ್ತರ ಮೇಲೆ ಮಾಡಿದರೆ ಎತ್ತುತ್ತಾಳೆ.