ಬೆಂಗಳೂರಿನಲ್ಲಿ ಟ್ರಾಫಿಕ್ ಪೊಲೀಸರ ಬದಲು ಬೊಂಬೆ ನಿಲ್ಲಿಸಿದ್ದರಂತೆ, ನಿಜವಾ?

ಹೌದು, ನಿಜ. 2019ರ ನವೆಂಬರಿನಲ್ಲಿ ಬೆಂಗಳೂರಿನ ಕೆಲವು ರಸ್ತೆಗಳಲ್ಲಿ ಸಂಚಾರ ಪೊಲೀಸರು ಬಟ್ಟೆ ಅಂಗಡಿಯಲ್ಲಿರುವಂಥ ಬೊಂಬೆಗಳನ್ನು ನಿಲ್ಲಿಸಿದ್ದರು. ಬಿಳಿ ಶರ್ಟು, ಟೋಪಿ, ಕಪ್ಪು ಕನ್ನಡಕ ಎಲ್ಲ ತೊಡಿಸಿ. ದೂರದಿಂದ ಥೇಟ್ ಪೊಲೀಸರೇ!

ಹೊಲದ ಬೆರ್ಚಪ್ಪನ ಉಪಾಯವೇ ಇದು. ಪೊಲೀಸರು ಕಂಡರೆ ಮಾತ್ರ ಹೆಲ್ಮೆಟ್ ಹಾಕುವವರು, ಸಿಗ್ನಲ್‌ನಲ್ಲಿ ನಿಲ್ಲುವವರು ಜಾಸ್ತಿ, ಅಲ್ವಾ? ಎಲ್ಲ ಕಡೆ ನಿಲ್ಲಿಸುವಷ್ಟು ಸಿಬ್ಬಂದಿ ಇಲ್ಲ. ಹಾಗಾಗಿ ಬೊಂಬೆ.

ನನಗೆ ಈ ಯೋಚನೆ ತುಂಬಾ ಇಷ್ಟ. ಆದರೆ ದಿನಾ ಒಂದೇ ಕಡೆ ಅಲ್ಲಾಡದೆ ನಿಂತರೆ ಕಾಗೆಗೂ ಗುಟ್ಟು ಗೊತ್ತಾಗುತ್ತದೆ. ಇವತ್ತು ಬೊಂಬೆ, ನಾಳೆ ಅದೇ ಜಾಗದಲ್ಲಿ ನಿಜವಾದ ಪೊಲೀಸ್ ಇದ್ದರೆ ಮಾತ್ರ ಸವಾರರು ಬ್ರೇಕ್ ಒತ್ತುತ್ತಾರೆ.